ಗಣಕಯಂತ್ರದಲ್ಲಿ ಕಾರ್ಯಾಚರಣ ವ್ಯವಸ್ಥೆಯ ಅಳವಡಿಕೆ ಮತ್ತು ದುರಸ್ತಿ: ಆನ್‌ಲೈನ್ ಅರ್ಜಿದಾರರಿಗೆ ಮಾಹಿತಿ

ವಿದ್ಯಾರ್ಥಿವೇತನ, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಪಿಂಚಣಿ, ಪರವಾನಗಿ ಮೊದಲಾದ ಸೇವೆಗಳಿಗೆ ಸಂಬಂಧಿಸಿದ ಅರ್ಜಿಗಳನ್ನು ಸಾರ್ವಜನಿಕರು ಅಂತರ್ಜಾಲದ ಮೂಲಕ ಸಲ್ಲಿಸುವುದು ಈಗ ರೂಢಿಯಾಗಿದೆ. ಅರ್ಜಿಯೊಂದಿಗೆ ಲಗತ್ತಿಸಬೇಕಾದ ದಾಖಲೆಗಳ ಸ್ಕ್ಯಾನ್ ಪ್ರತಿ, ಭಾವಚಿತ್ರ, ಸಹಿಯ ನಮೂನೆ, ಸ್ವೀಕೃತಿ ಪತ್ರ ಇವೆಲ್ಲವೂ ಅನೇಕರ ಬಳಿ ಮನೆಯ ಗಣಕಯಂತ್ರದಲ್ಲಿ ಮಾತ್ರವೇ ಇರುತ್ತವೆ. ಕೊನೆಯ ದಿನಾಂಕ ಸಮೀಪಿಸಿರುವಾಗ ಯಂತ್ರವು ತೆರೆಯದೇ ಹೋದಲ್ಲಿ, ಗಾಬರಿಗೊಂಡು ಡಿಸ್ಕನ್ನು ಫಾರ್ಮ್ಯಾಟ್ ಮಾಡಿಸುವುದು ಹಲವರು ಹಿಡಿಯುವ ದಾರಿ. ಇದರಿಂದ ಯಂತ್ರವೇನೋ ಸರಿಹೋಗುತ್ತದೆ. ಆದರೆ ದಾಖಲೆಗಳು ಇಲ್ಲವಾಗುತ್ತವೆ. ಬಹಳಷ್ಟು ದೋಷಗಳನ್ನು ಫಾರ್ಮ್ಯಾಟ್ ಮಾಡದೆಯೇ ನಿವಾರಿಸಬಹುದಾಗಿದೆ. ಈ ದಿಸೆಯಲ್ಲಿ, ಮನೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ವಿಂಡೋಸ್ ಕಾರ್ಯಾಚರಣ ವ್ಯವಸ್ಥೆಯನ್ನು ಆಧರಿಸಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

1. ದುರಸ್ತಿಗೆ ಮುನ್ನ ಗಮನಿಸಬೇಕಾದ ಅಂಶಗಳು

(ಅ) ಅರ್ಜಿಯ ಕೊನೆಯ ದಿನಾಂಕವು ಎರಡು ಮೂರು ದಿನಗಳೊಳಗೆ ಇದ್ದಲ್ಲಿ, ಮೊದಲು ಬೇರೊಂದು ಯಂತ್ರದಿಂದ ಅಥವಾ ಸಮೀಪದ ಸೇವಾ ಕೇಂದ್ರದಿಂದ ಅರ್ಜಿ ಸಲ್ಲಿಸಿ, ತರುವಾಯ ದುರಸ್ತಿಗೆ ಕೈಹಾಕುವುದು ಸೂಕ್ತ. ಯಂತ್ರವನ್ನು ನಾಳೆಯೂ ಸರಿಪಡಿಸಬಹುದು. ಮುಗಿದ ಅವಧಿಯನ್ನು ಮರಳಿ ಪಡೆಯಲಾಗದು. ಡಿಜಿಲಾಕರ್‌ನಲ್ಲಿರುವ ದಾಖಲೆಗಳು ಅರ್ಜಿದಾರರ ಖಾತೆಯೊಂದಿಗೆ ಇರುವುದರಿಂದ ಅವುಗಳನ್ನು ಯಾವುದೇ ಯಂತ್ರದಿಂದ ಪಡೆಯಬಹುದಾಗಿದೆ.

(ಆ) ಯಂತ್ರವು ಇನ್ನೂ ತೆರೆಯುತ್ತಿದ್ದಲ್ಲಿ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮತ್ತು ಪಿಕ್ಚರ್ಸ್ ಕಡತಕೋಶಗಳನ್ನು ಪೆನ್‌ಡ್ರೈವ್ ಅಥವಾ ಹೊರ ಡಿಸ್ಕಿಗೆ ನಕಲು ಮಾಡಿಕೊಳ್ಳತಕ್ಕದ್ದು. ನಕಲು ಮಾಡಿದ ಒಂದೆರಡು ಕಡತಗಳನ್ನು ಮತ್ತೊಂದು ಯಂತ್ರದಲ್ಲಿ ತೆರೆದು ನೋಡಿದ ನಂತರವೇ ಮುಂದುವರಿಯತಕ್ಕದ್ದು.

(ಇ) ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿನ ಮಾಹಿತಿಯು ಬಿಟ್‌ಲಾಕರ್ ಎಂಬ ವ್ಯವಸ್ಥೆಯಿಂದ ಗೂಢಲಿಪೀಕರಣಗೊಂಡಿರುವ ಸಾಧ್ಯತೆಯಿದೆ. ದುರಸ್ತಿಯ ಸಮಯದಲ್ಲಿ ಯಂತ್ರವು 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕೇಳಬಹುದು. ಈ ಕೀಲಿಯು ಸಾಮಾನ್ಯವಾಗಿ ಬಳಕೆದಾರರ ಮೈಕ್ರೋಸಾಫ್ಟ್ ಖಾತೆಯಲ್ಲಿ ದಾಖಲಾಗಿರುತ್ತದೆ. ಅದನ್ನು ಮುಂಚಿತವಾಗಿ ಕಾಗದದಲ್ಲಿ ಬರೆದಿಟ್ಟುಕೊಳ್ಳುವುದು ಅವಶ್ಯ. ಕೀಲಿಯಿಲ್ಲದೆ ಆ ಡಿಸ್ಕಿನ ಕಡತಗಳನ್ನು ಯಾವ ತಂತ್ರಜ್ಞರೂ ತೆರೆದುಕೊಡಲಾರರು.

2. ಅಳವಡಿಕೆ ನಡೆಯುವ ಬಗೆ

ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಸಿ.ಡಿ.ಯಿಂದ ಕಡತಗಳನ್ನು ಒಂದೊಂದಾಗಿ ನಕಲು ಮಾಡಲಾಗುತ್ತಿತ್ತು. 2007ರಲ್ಲಿ ಸಾರ್ವಜನಿಕರಿಗೆ ದೊರೆತ ವಿಂಡೋಸ್ ವಿಸ್ತಾದಿಂದ ಈ ಕ್ರಮ ಬದಲಾಯಿತು. ಅಂದಿನಿಂದ ಪೂರ್ಣ ವ್ಯವಸ್ಥೆಯ ಪಡಿಯಚ್ಚನ್ನು ಇಮೇಜ್ ಎಂಬ ಒಂದೇ ದೊಡ್ಡ ಕಡತದಲ್ಲಿ ಅಡಕಗೊಳಿಸಿ, ಅದನ್ನು ಡಿಸ್ಕಿನ ಮೇಲೆ ಬಿಡಿಸಲಾಗುತ್ತದೆ. ಅಳವಡಿಕೆಯ ಪೆನ್‌ಡ್ರೈವ್‌ನ ಸೋರ್ಸಸ್ ಎಂಬ ಕಡತಕೋಶದಲ್ಲಿರುವ ಇನ್‌ಸ್ಟಾಲ್ ಡಬ್ಲ್ಯುಐಎಂ ಅಥವಾ ಇನ್‌ಸ್ಟಾಲ್ ಇಎಸ್‌ಡಿ ಎಂಬ ಕಡತವೇ ಈ ಇಮೇಜ್. ಒಂದೇ ಇಮೇಜ್ ಕಡತದಲ್ಲಿ ಹೋಮ್, ಪ್ರೊ ಮೊದಲಾದ ಹಲವು ಆವೃತ್ತಿಗಳಿದ್ದು, ಪ್ರತಿಯೊಂದಕ್ಕೂ ಒಂದು ಕ್ರಮಸಂಖ್ಯೆ ಇರುತ್ತದೆ.

ಈ ಇಮೇಜನ್ನು ಪರಿಶೀಲಿಸಲು ಹಾಗೂ ದುರಸ್ತಿ ಮಾಡಲು 2009ರ ವಿಂಡೋಸ್ 7ರೊಂದಿಗೆ ಡಿಐಎಸ್‌ಎಂ ಎಂಬ ಸಾಧನವನ್ನು ನೀಡಲಾಯಿತು. ಇದು ವಿಂಡೋಸ್‌ನಲ್ಲಿಯೇ ಇರುತ್ತದೆ. ಇದಕ್ಕಾಗಿ ಯಾರಿಗೂ ಶುಲ್ಕ ನೀಡಬೇಕಾಗಿಲ್ಲ.

3. ಅಳವಡಿಕೆಯ ಸಮಯದಲ್ಲಿ ಕಂಡುಬರುವ ತೊಂದರೆಗಳು

(ಅ) ಕಡತ ಕೆಟ್ಟಿರುವುದು: 0ಎಕ್ಸ್80070570 ಅಥವಾ 0ಎಕ್ಸ್8007000ಡಿ ಎಂಬ ದೋಷಸಂಖ್ಯೆ ಬಂದಲ್ಲಿ, ಡೌನ್‌ಲೋಡ್ ಅಪೂರ್ಣವಾಗಿರುವ ಅಥವಾ ಪೆನ್‌ಡ್ರೈವ್ ದೋಷಪೂರಿತವಾಗಿರುವ ಸಾಧ್ಯತೆ ಹೆಚ್ಚು. ಮೈಕ್ರೋಸಾಫ್ಟ್‌ನ ಅಧಿಕೃತ ತಾಣದಿಂದ ಮೀಡಿಯಾ ಕ್ರಿಯೇಷನ್ ಟೂಲ್ ಪಡೆದು, ಕನಿಷ್ಠ 8 ಜಿಬಿ ಸಾಮರ್ಥ್ಯದ ಬೇರೊಂದು ಪೆನ್‌ಡ್ರೈವ್ ಸಿದ್ಧಪಡಿಸಿಕೊಳ್ಳತಕ್ಕದ್ದು. ಈ ಕಾರ್ಯದಲ್ಲಿ ಪೆನ್‌ಡ್ರೈವ್‌ನಲ್ಲಿದ್ದ ಎಲ್ಲವೂ ಅಳಿಸಿಹೋಗುವುದರಿಂದ, ದಾಖಲೆಗಳನ್ನು ನಕಲು ಮಾಡಿಟ್ಟ ಪೆನ್‌ಡ್ರೈವನ್ನು ಇದಕ್ಕೆ ಬಳಸಕೂಡದು.

(ಆ) ಇಮೇಜ್ ಕಡತವು ಪೆನ್‌ಡ್ರೈವ್‌ಗೆ ನಕಲಾಗದಿರುವುದು: ಎಫ್‌ಎಟಿ32 ಮಾದರಿಯ ಪೆನ್‌ಡ್ರೈವ್‌ನಲ್ಲಿ 4 ಜಿಬಿ ಮೀರಿದ ಒಂದೇ ಕಡತಕ್ಕೆ ಅವಕಾಶವಿಲ್ಲ. ಜಾಗ ಖಾಲಿಯಿದ್ದರೂ ಕಡತವು ತೀರ ದೊಡ್ಡದು ಎಂಬ ಸಂದೇಶ ಬರುವುದು ಈ ಕಾರಣದಿಂದ. ಕೈಯಾರೆ ನಕಲು ಮಾಡುವ ಬದಲು ಮೇಲ್ಕಂಡ ಸಾಧನವನ್ನು ಬಳಸಿದಲ್ಲಿ ಈ ತೊಂದರೆ ಉದ್ಭವಿಸುವುದಿಲ್ಲ.

(ಇ) ಡಿಸ್ಕ್ ಕಾಣಿಸದಿರುವುದು: ಇಂಟೆಲ್‌ನ 11ನೇ ಹಾಗೂ ನಂತರದ ಪೀಳಿಗೆಯ ಪ್ರಾಸೆಸರ್ ಇರುವ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅಳವಡಿಕೆಯ ಪರದೆಯು ಯಾವುದೇ ಡಿಸ್ಕ್ ದೊರೆಯಲಿಲ್ಲವೆಂದು ತಿಳಿಸುತ್ತದೆ. ಇದರಿಂದ ಡಿಸ್ಕ್ ಹಾಳಾಗಿದೆಯೆಂದು ಭಾವಿಸಬಾರದು. ವಿಎಂಡಿ ಎಂಬ ನಿಯಂತ್ರಕದ ಚಾಲಕ ತಂತ್ರಾಂಶವು ಇಮೇಜ್‌ನಲ್ಲಿ ಇಲ್ಲದಿರುವುದೇ ಇದಕ್ಕೆ ಸಾಮಾನ್ಯ ಕಾರಣ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಆ ಚಾಲಕವನ್ನು ಪಡೆದು, ಲೋಡ್ ಡ್ರೈವರ್ ಎಂಬ ಆಯ್ಕೆಯ ಮೂಲಕ ಒದಗಿಸಿದಲ್ಲಿ ಡಿಸ್ಕ್ ಕಾಣಿಸುತ್ತದೆ.

(ಈ) ವಿಭಜನಾ ಪಟ್ಟಿಯ ಹೊಂದಾಣಿಕೆಯಿಲ್ಲದಿರುವುದು: ಡಿಸ್ಕ್ ಎಂಬಿಆರ್ ಮಾದರಿಯದೆಂದೂ, ಜಿಪಿಟಿ ಮಾದರಿ ಅಗತ್ಯವೆಂದೂ ಸಂದೇಶ ಬಂದಾಗ ಅನೇಕರು ಎಲ್ಲ ವಿಭಾಗಗಳನ್ನೂ ಅಳಿಸಿಬಿಡುತ್ತಾರೆ. ಹಾಗೆ ಮಾಡಿದಲ್ಲಿ ದಾಖಲೆಗಳಿರುವ ವಿಭಾಗವೂ ಹೋಗುತ್ತದೆ. 2017ರಿಂದ ವಿಂಡೋಸ್ 10ರಲ್ಲಿ ದೊರೆತಿರುವ ಎಂಬಿಆರ್2ಜಿಪಿಟಿ ಎಂಬ ಸಾಧನವು ಕಡತಗಳನ್ನು ಅಳಿಸದೆಯೇ ಮಾದರಿಯನ್ನು ಬದಲಿಸುತ್ತದೆ. ಆದರೂ ನಕಲು ಪ್ರತಿಯಿಲ್ಲದೆ ಇದನ್ನು ಪ್ರಯತ್ನಿಸಬಾರದು.

(ಉ) ಮೇಲ್ದರ್ಜೆಗೇರಿಸುವಾಗ ಅರ್ಧಕ್ಕೆ ನಿಂತು ಹಿಂದಿರುಗುವುದು: 0ಎಕ್ಸ್‌ಸಿ1900101 ಎಂಬುದು ಬಹುಮಟ್ಟಿಗೆ ಚಾಲಕ ತಂತ್ರಾಂಶದ ದೋಷ. ಮುದ್ರಕ, ಸ್ಕ್ಯಾನರ್, ಬೆರಳಚ್ಚು ಸಾಧನ ಮುಂತಾದವುಗಳನ್ನು ಬೇರ್ಪಡಿಸಿ, ಹೊರಗಿನ ಆಂಟಿವೈರಸ್ ಇದ್ದಲ್ಲಿ ತಾತ್ಕಾಲಿಕವಾಗಿ ತೆಗೆದು ಮರುಪ್ರಯತ್ನಿಸಬಹುದು. 0ಎಕ್ಸ್80070070 ಎಂದರೆ ಡಿಸ್ಕಿನಲ್ಲಿ ಸ್ಥಳಾವಕಾಶ ಸಾಲದು. 0ಎಕ್ಸ್‌ಸಿ1900200 ಎಂದರೆ ಯಂತ್ರವು ಕನಿಷ್ಠ ಅರ್ಹತೆಗಳನ್ನು ಹೊಂದಿಲ್ಲ. ವಿಂಡೋಸ್ 11ಕ್ಕೆ 64-ಬಿಟ್ ಪ್ರಾಸೆಸರ್, 4 ಜಿಬಿ ಸ್ಮೃತಿ, 64 ಜಿಬಿ ಸಂಗ್ರಹ, ಟಿಪಿಎಂ 2.0 ಹಾಗೂ ಸೆಕ್ಯೂರ್ ಬೂಟ್ ಸೌಲಭ್ಯ ಅಗತ್ಯವಾಗಿದ್ದು, ಪ್ರಾಸೆಸರ್ ಮೈಕ್ರೋಸಾಫ್ಟ್‌ನ ಅನುಮೋದಿತ ಪಟ್ಟಿಯಲ್ಲಿ ಇರಬೇಕಾಗುತ್ತದೆ.

4. ಅಳವಡಿಸಿದ ವ್ಯವಸ್ಥೆಯ ದುರಸ್ತಿ

ವಿಂಡೋಸ್ ತೆರೆಯುತ್ತಿದ್ದು, ನವೀಕರಣಗಳು ವಿಫಲವಾಗುತ್ತಿದ್ದಲ್ಲಿ ಅಥವಾ ತಂತ್ರಾಂಶಗಳು ಅಕಾರಣವಾಗಿ ನಿಲ್ಲುತ್ತಿದ್ದಲ್ಲಿ, ಕಾರ್ಯಾಚರಣ ವ್ಯವಸ್ಥೆಯ ಕಡತಗಳು ಕೆಟ್ಟಿರಬಹುದು. ಇದನ್ನು ಅಂಗಡಿಯ ಲೆಕ್ಕದಂತೆ ಅರ್ಥಮಾಡಿಕೊಳ್ಳಬಹುದು. ಬಳಕೆಯಲ್ಲಿರುವ ಕಡತಗಳು ಮುಂಗಟ್ಟೆಯಲ್ಲಿ ಜೋಡಿಸಿದ ಸರಕಿನಂತೆ. ವಿಂಡೋಸ್ ಕಡತಕೋಶದೊಳಗಿನ ವಿನ್‌ಎಸ್‌ಎಕ್ಸ್‌ಎಸ್ ಎಂಬುದು ಹಿಂಬದಿಯ ಉಗ್ರಾಣ. ಎಸ್‌ಎಫ್‌ಸಿ ಎಂಬ ಸಾಧನವು ಮುಂಗಟ್ಟೆಯ ಸರಕನ್ನು ಉಗ್ರಾಣದೊಂದಿಗೆ ತಾಳೆ ನೋಡಿ, ಕೆಟ್ಟದ್ದನ್ನು ಬದಲಿಸುತ್ತದೆ. ಡಿಐಎಸ್‌ಎಂ ಸಾಧನವು ಉಗ್ರಾಣವನ್ನೇ ತಪಾಸಣೆ ಮಾಡುತ್ತದೆ. ಉಗ್ರಾಣದ ಸರಕೇ ಕೆಟ್ಟಿದ್ದಲ್ಲಿ ಮುಂಗಟ್ಟೆಯನ್ನು ಎಷ್ಟು ಬಾರಿ ತಾಳೆ ನೋಡಿದರೂ ಪ್ರಯೋಜನವಿಲ್ಲ. ಆದ್ದರಿಂದ ಮೊದಲು ಡಿಐಎಸ್‌ಎಂ, ಅನಂತರ ಎಸ್‌ಎಫ್‌ಸಿ ಎಂಬ ಕ್ರಮವನ್ನು ಅನುಸರಿಸತಕ್ಕದ್ದು.

ಕಮ್ಯಾಂಡ್ ಪ್ರಾಂಪ್ಟನ್ನು ನಿರ್ವಾಹಕರ ಅಧಿಕಾರದೊಂದಿಗೆ ತೆರೆದು ಈ ಕೆಳಕಂಡ ಆದೇಶಗಳನ್ನು ನೀಡಬೇಕು. ಇಲ್ಲಿ ಆದೇಶಗಳ ಉಚ್ಚಾರಣೆಯನ್ನು ಕನ್ನಡದಲ್ಲಿ ನೀಡಲಾಗಿದ್ದು, ಟೈಪಿಸುವಾಗ ಇಂಗ್ಲಿಷ್ ಅಕ್ಷರಗಳನ್ನು ಬಳಸತಕ್ಕದ್ದು. ಪ್ರತಿ ಓರೆಗೆರೆಗೆ ಮುನ್ನ ಒಂದು ತೆರಪು ಇರಲಿ.

ಮೊದಲನೆಯದು: ಡಿಐಎಸ್‌ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ಸ್ಕ್ಯಾನ್‌ಹೆಲ್ತ್
ಎರಡನೆಯದು: ಡಿಐಎಸ್‌ಎಂ /ಆನ್‌ಲೈನ್ /ಕ್ಲೀನಪ್-ಇಮೇಜ್ /ರಿಸ್ಟೋರ್‌ಹೆಲ್ತ್
ಮೂರನೆಯದು: ಎಸ್‌ಎಫ್‌ಸಿ /ಸ್ಕ್ಯಾನ್‌ನೌ

ಮೊದಲನೆಯದು ತಪಾಸಣೆ ಮಾತ್ರ ಮಾಡುತ್ತದೆ; ಎರಡನೆಯದು ದುರಸ್ತಿ ಮಾಡುತ್ತದೆ. ಇಲ್ಲಿ ಆನ್‌ಲೈನ್ ಎಂದರೆ ಅಂತರ್ಜಾಲವೆಂದು ಅರ್ಥವಲ್ಲ; ಈಗ ಚಾಲನೆಯಲ್ಲಿರುವ ವ್ಯವಸ್ಥೆ ಎಂದು ಅರ್ಥ. ಆದರೆ ದುರಸ್ತಿಗೆ ಬೇಕಾದ ಹೊಸ ಕಡತಗಳನ್ನು ಸಾಮಾನ್ಯವಾಗಿ ವಿಂಡೋಸ್ ಅಪ್‌ಡೇಟ್‌ನಿಂದ ತರಿಸಿಕೊಳ್ಳುವುದರಿಂದ ಅಂತರ್ಜಾಲ ಸಂಪರ್ಕವೂ ಇರಬೇಕು. ಶೇಕಡಾವಾರು ಸೂಚಿಯು ಒಂದೇ ಅಂಕಿಯಲ್ಲಿ ಬಹಳ ಹೊತ್ತು ನಿಂತಂತೆ ಕಾಣುವುದು ಸಹಜ. ಆ ಕಾರಣಕ್ಕೆ ಯಂತ್ರದ ವಿದ್ಯುತ್ ಕಡಿತಗೊಳಿಸಬಾರದು. ಲ್ಯಾಪ್‌ಟಾಪನ್ನು ಚಾರ್ಜರಿಗೆ ಜೋಡಿಸಿಯೇ ಈ ಕಾರ್ಯ ಕೈಗೊಳ್ಳತಕ್ಕದ್ದು.

0ಎಕ್ಸ್800ಎಫ್081ಎಫ್ ಎಂಬ ದೋಷಸಂಖ್ಯೆ ಬಂದಲ್ಲಿ, ದುರಸ್ತಿಗೆ ಬೇಕಾದ ಮೂಲ ಕಡತಗಳು ದೊರೆಯಲಿಲ್ಲವೆಂದು ತಿಳಿಯತಕ್ಕದ್ದು. ಆಗ ಅಳವಡಿಕೆಯ ಪೆನ್‌ಡ್ರೈವ್ ಜೋಡಿಸಿ, ರಿಸ್ಟೋರ್‌ಹೆಲ್ತ್ ಆದೇಶದ ಮುಂದೆ ಸೋರ್ಸ್ ಎಂಬ ಸೂಚನೆಯೊಂದಿಗೆ ಇಮೇಜ್ ಕಡತದ ಸ್ಥಳ ಹಾಗೂ ಆವೃತ್ತಿಯ ಕ್ರಮಸಂಖ್ಯೆಯನ್ನು ನಮೂದಿಸಬೇಕು. ಹೋಮ್ ಆವೃತ್ತಿಯ ಯಂತ್ರಕ್ಕೆ ಪ್ರೊ ಆವೃತ್ತಿಯ ಕ್ರಮಸಂಖ್ಯೆ ನೀಡಿದಲ್ಲಿ ಅಥವಾ ಇಮೇಜ್ ಬೇರೆ ಬಿಡುಗಡೆಗೆ ಸೇರಿದ್ದಲ್ಲಿ ಅದೇ ದೋಷ ಮತ್ತೆ ಬರಬಹುದು. ಕ್ರಮಸಂಖ್ಯೆಗಳ ಪಟ್ಟಿಯನ್ನು ಗೆಟ್-ವಿಮ್‌ಇನ್ಫೋ ಎಂಬ ಸೂಚನೆಯಿಂದ ನೋಡಿಕೊಳ್ಳಬಹುದು.

ಇದರಿಂದಲೂ ಸರಿಹೋಗದಿದ್ದಲ್ಲಿ, ವಿಂಡೋಸ್ ತೆರೆದಿರುವಾಗಲೇ ಪೆನ್‌ಡ್ರೈವ್‌ನಲ್ಲಿರುವ ಸೆಟಪ್ ಕಡತವನ್ನು ಚಾಲನೆಗೊಳಿಸಿ, ವೈಯಕ್ತಿಕ ಕಡತಗಳನ್ನೂ ತಂತ್ರಾಂಶಗಳನ್ನೂ ಉಳಿಸಿಕೊಳ್ಳುವ ಆಯ್ಕೆಯೊಂದಿಗೆ ಮರು ಅಳವಡಿಕೆ ಮಾಡಬಹುದು. ಫಾರ್ಮ್ಯಾಟ್ ಎಂಬುದು ಇವೆಲ್ಲದರ ನಂತರದ ಕೊನೆಯ ಉಪಾಯವಾಗಿರತಕ್ಕದ್ದು.

5. ಯಂತ್ರವು ತೆರೆಯದೇ ಇದ್ದಾಗ

ಪೆನ್‌ಡ್ರೈವ್‌ನಿಂದ ಯಂತ್ರವನ್ನು ಆರಂಭಿಸಿ, ಅಳವಡಿಕೆಯ ಬದಲು ದುರಸ್ತಿ ಎಂಬ ಆಯ್ಕೆಯನ್ನು ಒತ್ತಿದಲ್ಲಿ ಕಮ್ಯಾಂಡ್ ಪ್ರಾಂಪ್ಟ್ ದೊರೆಯುತ್ತದೆ. ಇಲ್ಲಿ ಡ್ರೈವ್‌ಗಳ ಅಕ್ಷರಗಳು ಬದಲಾಗಿರಬಹುದು. ಎಂದಿನ ಸಿ ಡ್ರೈವ್ ಡಿ ಎಂದು ತೋರಬಹುದು. ಆದ್ದರಿಂದ ಮೊದಲು ಡಿಐಆರ್ ಆದೇಶದಿಂದ ವಿಂಡೋಸ್ ಕಡತಕೋಶ ಎಲ್ಲಿದೆಯೆಂದು ಖಚಿತಪಡಿಸಿಕೊಂಡು, ಆನ್‌ಲೈನ್ ಎಂಬುದರ ಬದಲು ಇಮೇಜ್ ಎಂಬ ಸೂಚನೆಯೊಂದಿಗೆ ಆ ಡ್ರೈವ್‌ನ ಅಕ್ಷರವನ್ನು ನೀಡಬೇಕು. ನವೀಕರಣವೊಂದು ಅರ್ಧಕ್ಕೆ ನಿಂತು ಯಂತ್ರವು ಪದೇ ಪದೇ ಮರುಚಾಲನೆಗೊಳ್ಳುತ್ತಿದ್ದಲ್ಲಿ, ರಿವರ್ಟ್‌ಪೆಂಡಿಂಗ್‌ಆಕ್ಷನ್ಸ್ ಎಂಬ ಸೂಚನೆಯು ಬಾಕಿಯಿರುವ ಬದಲಾವಣೆಗಳನ್ನು ಹಿಂತೆಗೆಯುತ್ತದೆ.

ಕಡತಗಳನ್ನು ಉಳಿಸಿಕೊಳ್ಳುವುದಷ್ಟೇ ಉದ್ದೇಶವಾಗಿದ್ದಲ್ಲಿ, ಉಬುಂಟು ಮುಂತಾದ ಲಿನಕ್ಸ್ ವ್ಯವಸ್ಥೆಯನ್ನು ಅಳವಡಿಸದೆಯೇ ಪೆನ್‌ಡ್ರೈವ್‌ನಿಂದ ಚಾಲನೆಗೊಳಿಸಿ ದಾಖಲೆಗಳನ್ನು ಹೊರ ಡಿಸ್ಕಿಗೆ ನಕಲು ಮಾಡಿಕೊಳ್ಳಬಹುದು. ಬಿಟ್‌ಲಾಕರ್ ಇದ್ದಲ್ಲಿ ಇಲ್ಲಿಯೂ ಮರುಪ್ರಾಪ್ತಿ ಕೀಲಿ ಬೇಕಾಗುತ್ತದೆ.

6. ಹೊಸದಾಗಿ ಅಳವಡಿಸಿದ ನಂತರ

(ಅ) ಕನ್ನಡ ಅಕ್ಷರಗಳು: ನುಡಿ ಅಥವಾ ಬರಹ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರವಿನ್ಯಾಸದಲ್ಲಿ ಸಿದ್ಧಪಡಿಸಿದ ಪತ್ರಗಳು ಹೊಸ ಅಳವಡಿಕೆಯಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತವೆ. ಕಡತವು ಕೆಟ್ಟಿರುವುದಿಲ್ಲ, ಸಂಬಂಧಿಸಿದ ಅಕ್ಷರವಿನ್ಯಾಸವನ್ನು ಮತ್ತೆ ಅಳವಡಿಸಿದಲ್ಲಿ ಮೊದಲಿನಂತೆ ಕಾಣಿಸುತ್ತದೆ. ಎಕ್ಸ್‌ಪಿ ಕಾಲದಿಂದ ಪರಿಚಿತವಾದ ತುಂಗಾ ಅಕ್ಷರವಿನ್ಯಾಸವು ವಿಂಡೋಸ್ 10 ಮತ್ತು 11ರಲ್ಲಿ ಐಚ್ಛಿಕ ಸೌಲಭ್ಯವಾಗಿದ್ದು, ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್ ವಿಭಾಗದಲ್ಲಿ ಕನ್ನಡ ಪೂರಕ ಅಕ್ಷರವಿನ್ಯಾಸ ಎಂಬುದನ್ನು ಆರಿಸಿ ಪಡೆಯಬಹುದಾಗಿದೆ.

(ಆ) ಡಿಜಿಟಲ್ ಸಹಿ: ಸಹಿಯ ಟೋಕನ್ ಬಳಸುವವರು ಅದರ ಚಾಲಕ ತಂತ್ರಾಂಶವನ್ನು ಮತ್ತೆ ಅಳವಡಿಸಿಕೊಳ್ಳತಕ್ಕದ್ದು. ಟೋಕನ್‌ನೊಳಗಿನ ಪ್ರಮಾಣಪತ್ರಕ್ಕೆ ವಿಂಡೋಸ್ ಮರು ಅಳವಡಿಕೆಯಿಂದ ಧಕ್ಕೆಯಿಲ್ಲ.

(ಇ) ದಿನಾಂಕ: ಯಂತ್ರದ ದಿನಾಂಕ ತಪ್ಪಾಗಿದ್ದಲ್ಲಿ ಸುರಕ್ಷಿತ ಜಾಲತಾಣಗಳು ತೆರೆಯುವುದಿಲ್ಲ. ಪೋರ್ಟಲ್ ಕೆಲಸ ಮಾಡುತ್ತಿಲ್ಲವೆಂದು ಭಾವಿಸುವ ಮುನ್ನ ಇದನ್ನು ಪರಿಶೀಲಿಸತಕ್ಕದ್ದು.

7. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಅಳವಡಿಸಿದ ನಂತರ ಹಳೆಯ ಕಡತಗಳು ಕಾಣುತ್ತಿಲ್ಲ. ದೊರೆಯುವ ಸಾಧ್ಯತೆಯಿದೆಯೇ?
ಉತ್ತರ: ಫಾರ್ಮ್ಯಾಟ್ ಮಾಡದೆ ಅದೇ ವಿಭಾಗದಲ್ಲಿ ಅಳವಡಿಸಿದ್ದಲ್ಲಿ ಅವು ಸಿ ಡ್ರೈವ್‌ನ ವಿಂಡೋಸ್ ಓಲ್ಡ್ ಎಂಬ ಕಡತಕೋಶದೊಳಗೆ ಇರುತ್ತವೆ. ಸಾಮಾನ್ಯವಾಗಿ 10 ದಿನಗಳ ನಂತರ ಅದು ತಾನಾಗಿಯೇ ಅಳಿಸಿಹೋಗುವುದರಿಂದ ಕೂಡಲೇ ನಕಲು ಮಾಡಿಕೊಳ್ಳತಕ್ಕದ್ದು.

ಪ್ರಶ್ನೆ: ಫಾರ್ಮ್ಯಾಟ್ ಆಗಿಹೋಗಿದೆ. ಏನು ಮಾಡಬೇಕು?
ಉತ್ತರ: ಆ ಯಂತ್ರದ ಬಳಕೆಯನ್ನು ಕೂಡಲೇ ನಿಲ್ಲಿಸತಕ್ಕದ್ದು. ಹಳೆಯ ಮಾದರಿಯ ಹಾರ್ಡ್ ಡಿಸ್ಕಿನಲ್ಲಿ ಮಾಹಿತಿಯ ಮೇಲೆ ಹೊಸದು ಬರೆಯಲ್ಪಡದಿದ್ದಲ್ಲಿ ಮರುಪಡೆಯುವ ಅವಕಾಶವುಂಟು. ಎಸ್‌ಎಸ್‌ಡಿ ಡಿಸ್ಕಿನಲ್ಲಿ ಆ ಅವಕಾಶ ಬಹಳ ಕಡಿಮೆ.

ಪ್ರಶ್ನೆ: ವಿಂಡೋಸ್ 10 ಇರುವ ಯಂತ್ರದಲ್ಲಿ ಅರ್ಜಿ ಸಲ್ಲಿಸಬಹುದೇ?
ಉತ್ತರ: ಯಂತ್ರವು ಕೆಲಸ ಮಾಡುತ್ತದೆ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿದೆ. ಭದ್ರತಾ ನವೀಕರಣಗಳಿಲ್ಲದ ಯಂತ್ರದಲ್ಲಿ ಬ್ಯಾಂಕ್ ಹಾಗೂ ಗುರುತಿನ ವಿವರಗಳನ್ನು ನಮೂದಿಸುವುದು ಅಪಾಯಕರ. ವಿಂಡೋಸ್ 11ಕ್ಕೆ ಅರ್ಹವಲ್ಲದ ಯಂತ್ರಗಳಲ್ಲಿ ಲಿನಕ್ಸ್ ಅಳವಡಿಸಿಕೊಳ್ಳುವುದೂ ಒಂದು ಮಾರ್ಗ.

8. ಎಚ್ಚರಿಕೆ

ದೋಷಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಿದಾಗ ಸಹಾಯವಾಣಿಯೆಂದು ಹೇಳಿಕೊಳ್ಳುವ ನಕಲಿ ದೂರವಾಣಿ ಸಂಖ್ಯೆಗಳು ಕಾಣಿಸಿಕೊಳ್ಳಬಹುದು. ಪರಿಚಯವಿಲ್ಲದವರ ಮಾತು ನಂಬಿ ದೂರನಿಯಂತ್ರಣದ ತಂತ್ರಾಂಶವನ್ನು ಅಳವಡಿಸಬಾರದು. ಒಟಿಪಿ, ಪಾಸ್‌ವರ್ಡ್ ಅಥವಾ ಆಧಾರ್ ವಿವರಗಳನ್ನು ನೀಡಬಾರದು. ಹಣ ಕಳೆದುಕೊಂಡಲ್ಲಿ ತಡಮಾಡದೆ ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡತಕ್ಕದ್ದು. ಯಂತ್ರವನ್ನು ದುರಸ್ತಿ ಅಂಗಡಿಗೆ ಒಪ್ಪಿಸುವಾಗ, ಡಿಸ್ಕನ್ನು ಫಾರ್ಮ್ಯಾಟ್ ಮಾಡುವ ಮುನ್ನ ತಿಳಿಸಬೇಕೆಂದು ರಸೀದಿಯ ಮೇಲೆ ಬರೆಯಿಸಿಕೊಳ್ಳುವುದು ಒಳಿತು.

ಅರ್ಜಿ ಸಲ್ಲಿಸಿದ ದಿನವೇ ಸ್ವೀಕೃತಿ ಪತ್ರವನ್ನು ಮುದ್ರಿಸಿ, ಅರ್ಜಿಯ ಸಂಖ್ಯೆಯನ್ನು ಪುಸ್ತಕವೊಂದರಲ್ಲಿ ಬರೆದಿಟ್ಟುಕೊಳ್ಳುವಂತೆ ಸಾರ್ವಜನಿಕರಲ್ಲಿ ಕೋರಲಾಗಿದೆ.