ತೋಪಿನ ಪೀಠವೂ ತಾರೀಖಿನ ಪ್ರಶ್ನೆಯೂ

ಯುದ್ಧನೌಕೆಗಳ ಕಿರುಪ್ರತಿಕೃತಿಗಳನ್ನು ಮಾಡಿ ಗಾಜಿನ ಪೆಟ್ಟಿಗೆಯಲ್ಲಿಡುವುದು ಹುಡುಗರ ವಿನೋದವೆಂದು ನಮ್ಮಲ್ಲಿ ಬಹುಮಂದಿ ಭಾವಿಸಿರುವರು. ಈ ಭಾವನೆ ಸರಿಯಲ್ಲ. ಇಂಗ್ಲೆಂಡು, ಅಮೆರಿಕ, ಜಪಾನು ಮೊದಲಾದ ದೇಶಗಳಲ್ಲಿ ನಡುವಯಸ್ಸು ದಾಟಿದ ಇಂಜಿನಿಯರುಗಳೂ ನಿವೃತ್ತ ಅಧಿಕಾರಿಗಳೂ ಒಂದೇ ಹಡಗಿನ ಪ್ರತಿಕೃತಿಗಾಗಿ ವರ್ಷಗಟ್ಟಲೆ ದಫ್ತರಗಳನ್ನು ಶೋಧಿಸುವುದುಂಟು. ಎರಡನೆಯ ಮಹಾಯುದ್ಧದಲ್ಲಿ ಹೋರಾಡಿದ ಹಡಗುಗಳಲ್ಲಿ ಹಲವು ಮುಳುಗಿದವು. ಉಳಿದವುಗಳಲ್ಲಿ ಹೆಚ್ಚಿನವನ್ನು ಯುದ್ಧಾನಂತರ ಒಡೆದು ಗುಜರಿಗೆ ಹಾಕಿದರು. ಅಂಥ ಹಡಗಿನಲ್ಲಿ ದುಡಿದವನ ಮೊಮ್ಮಗನು ತನ್ನ ತಾತ ನಿಂತಿದ್ದ ಜಾಗವನ್ನು ಸುತ್ತಿ ನೋಡಬೇಕೆಂದರೆ ಪ್ರತಿಕೃತಿಯೊಂದೇ ಗತಿ. ಅದು ಸುಳ್ಳು ಹೇಳಿದರೆ ತಿದ್ದಲು ಮೂಲವಸ್ತುವೇ ಇಲ್ಲ.

ಇಂಥ ಪ್ರತಿಕೃತಿಯಲ್ಲಿ ಅತ್ಯಂತ ತೊಡಕಿನ ಭಾಗ ಯಾವುದೆಂದರೆ ಹಡಗಿನ ಒಡಲಲ್ಲ, ದೊಡ್ಡ ಫಿರಂಗಿಗಳೂ ಅಲ್ಲ. ವಿಮಾನನಾಶಕ ತೋಪುಗಳನ್ನು ಹೊತ್ತ ಪೀಠಗಳು. ಪೀಠವೆಂದರೆ ತೋಪನ್ನು ಎಡಬಲಕ್ಕೆ ತಿರುಗಿಸಿ ಮೇಲಕ್ಕೂ ಕೆಳಕ್ಕೂ ಬಾಗಿಸುವ ಯಂತ್ರಸಮೇತವಾದ ಆಧಾರ. ಒಡಲು ಕಟ್ಟಿದ ದಿನದಂತೆಯೇ ಬಹುಮಟ್ಟಿಗೆ ಉಳಿಯುವುದು. ಪೀಠಗಳ ಮಾತು ಹಾಗಲ್ಲ. ಆಕಾಶದಿಂದ ಬರುವ ಅಪಾಯವನ್ನು ಯುದ್ಧಾರಂಭದಲ್ಲಿ ಎಲ್ಲ ನೌಕಾಪಡೆಗಳೂ ಕಡಿಮೆಯಾಗಿಯೇ ಅಂದಾಜು ಮಾಡಿದ್ದವು. ಆದುದರಿಂದ ಹಡಗು ರಿಪೇರಿಗೆ ಬಂದಾಗಲೆಲ್ಲ ಎಲ್ಲಿ ಅಂಗೈಯಗಲ ಬಿಡುವಿತ್ತೋ ಅಲ್ಲಿ ಹೊಸ ತೋಪನ್ನು ನಿಲ್ಲಿಸಿದರು, ಹಳೆಯದನ್ನು ಕಿತ್ತರು. ಜನವರಿಯ ಹಡಗು ಆಗಸ್ಟಿನ ಹಡಗಾಗಿರುವುದಿಲ್ಲ. ಆದಕಾರಣ ಪ್ರತಿಕೃತಿಕಾರನು ಮೊದಲು ಕೇಳಬೇಕಾದ ಪ್ರಶ್ನೆ ‘ಯಾವ ಹಡಗು’ ಎಂಬುದಲ್ಲ. ‘ಯಾವ ತಾರೀಖು’ ಎಂಬುದು.

ಆ ಯುದ್ಧದ ಅತಿ ಪ್ರಸಿದ್ಧವಾದ ವಿಮಾನನಾಶಕ ತೋಪನ್ನೇ ತೆಗೆದುಕೊಳ್ಳೋಣ. ಅದು ಸ್ವೀಡನ್ನಿನ ಬೋಫೋರ್ಸ್ ಕಾರಖಾನೆಯ ೪೦ ಮಿಲಿಮೀಟರಿನ ತೋಪು. (ಈ ಹೆಸರನ್ನು ನಮ್ಮ ವಾಚಕರು ೧೯೮೦ರ ದಶಕದ ಹವಿಟ್ಜರ್ ಖರೀದಿಯ ವಿವಾದದಿಂದ ಬಲ್ಲರು, ಕಾರಖಾನೆ ಅದೇ, ತೋಪು ಬೇರೆ.) ೧೯೨೮ರಲ್ಲಿ ಸ್ವೀಡನ್ನಿನ ನೌಕಾಪಡೆಗಾಗಿ ಇದರ ಕೆಲಸ ಮೊದಲಾಯಿತು. ನಾಲ್ಕು ನಾಲ್ಕು ಗುಂಡುಗಳ ಕಟ್ಟನ್ನು ಮೇಲಿನಿಂದ ಇಳಿಸುತ್ತ ಹೋದರೆ ನಳಿಗೆಯೊಂದು ನಿಮಿಷಕ್ಕೆ ಸುಮಾರು ೧೨೦ ಗುಂಡುಗಳನ್ನು ಹಾರಿಸಬಲ್ಲದು. ೧೯೪೦ರ ಆಗಸ್ಟಿನಲ್ಲಿ ಡಚ್ಚರ ವಾನ್ ಕಿನ್ಸ್‌ಬರ್ಗೆನ್ ಎಂಬ ಹಡಗು ಟ್ರಿನಿಡಾಡಿನ ಬಳಿ ಈ ತೋಪಿನ ಪ್ರಯೋಗವನ್ನು ಅಮೆರಿಕದ ಅಧಿಕಾರಿಗಳಿಗೆ ತೋರಿಸಿತು. ೧೯೪೧ರ ಜೂನಿನಲ್ಲಿ ಅಮೆರಿಕವು ಅದನ್ನು ತಯಾರಿಸುವ ಪರವಾನಗಿಯನ್ನು ಪಡೆಯಿತು.

ಇಲ್ಲಿಂದ ಮುಂದಿನದು ಪ್ರತಿಕೃತಿಕಾರನಿಗೆ ಬಹು ಮುಖ್ಯವಾದ ಕಥೆ. ಸ್ವೀಡನ್ನಿನಲ್ಲಿ ಈ ತೋಪನ್ನು ನುರಿತ ಕೈಕಸಬುದಾರರು ಒಂದೊಂದಾಗಿ ಮಾಡುತ್ತಿದ್ದರು. ಮೂಲನಕ್ಷೆಗಳಲ್ಲಿ ಹಲವೆಡೆ, ಈ ಭಾಗವನ್ನು ಜೋಡಿಸುವಾಗ ಅರದಿಂದ ಉಜ್ಜಿ ಹೊಂದಿಸಿಕೊಳ್ಳತಕ್ಕದ್ದು ಎಂಬ ಸೂಚನೆ ಇತ್ತು. ಸಾವಿರಗಟ್ಟಲೆ ತಯಾರಿಸಬೇಕಾಗಿದ್ದ ಕ್ರೈಸ್ಲರ್ ಮೋಟಾರು ಕಂಪನಿಗೆ ಅರ ಹಿಡಿದು ಕೂರುವ ವ್ಯವಧಾನವೆಲ್ಲಿ? ನಕ್ಷೆಗಳನ್ನೆಲ್ಲ ಅಂಗುಲದ ಅಳತೆಗೆ ಬದಲಿಸಿ ಹೊಸದಾಗಿ ಬರೆದರು. ಅಳತೆಯೊಂದೇ ಬದಲಾದುದಲ್ಲ. ಯುರೋಪಿನ ನಕ್ಷೆಯಲ್ಲಿ ವಸ್ತುವಿನ ಎಡಮಗ್ಗುಲಿನ ನೋಟವನ್ನು ಮುಖ್ಯಚಿತ್ರದ ಬಲಗಡೆಗೆ ಬರೆಯುವುದು ರೂಢಿ. ಅಮೆರಿಕದವರು ಅದನ್ನು ಎಡಗಡೆಯಲ್ಲಿಯೇ ಬರೆಯುವರು. ಒಂದರ ರೂಢಿಯಿಂದ ಇನ್ನೊಂದನ್ನು ಓದಿದರೆ ಹಸ್ತಚಕ್ರವೂ ಆಸನವೂ ತಪ್ಪು ಪಕ್ಕಕ್ಕೆ ಬಂದು ಕೂರುವುವು. ಜೋಡಿ ಪೀಠದಲ್ಲಿಯಾದರೋ ಎರಡು ತೋಪುಗಳೂ ಒಂದೇ ತೆರನಲ್ಲ. ಒಂದು ಎಡಗೈಯದು, ಇನ್ನೊಂದು ಬಲಗೈಯದು. ಕನ್ನಡಿಯ ಬಿಂಬದಂತೆ ಎದುರುಬದುರಾಗಿ ಮಾಡಿದವು. ಒಂದೇ ಅಚ್ಚಿನಲ್ಲಿ ಎರಡನ್ನೂ ಎರಕ ಹೊಯ್ದು ಮಾರುವ ಆಟಿಕೆಯ ಕಂಪನಿಗಳಿಗೆ ಈ ಸೂಕ್ಷ್ಮ ಬೇಡವಾಗಿದೆ.

ಇನ್ನೊಂದು ಮೋಸವುಂಟು. ಊರ ಉದ್ಯಾನಗಳಲ್ಲಿಯೂ ಸೇನಾ ಕಛೇರಿಗಳ ಬಾಗಿಲಲ್ಲಿಯೂ ನಿಲ್ಲಿಸಿರುವ ಬೋಫೋರ್ಸ್ ತೋಪುಗಳು ಪ್ರಾಯಶಃ ಭೂಸೈನ್ಯದವು: ನಾಲ್ಕು ಗಾಲಿಯ ಬಂಡಿ, ಗಾಳಿಯಿಂದ ತಣ್ಣಗಾಗುವ ತೆಳುವಾದ ನಳಿಗೆ. ಅಮೆರಿಕದ ಹಡಗುಗಳ ಜೋಡಿ ಪೀಠ ಮತ್ತು ನಾಲ್ಕು ನಳಿಗೆಯ ಪೀಠಗಳಲ್ಲಿ ನಳಿಗೆಯ ಸುತ್ತ ನೀರಿನ ಕವಚವಿತ್ತು. ಆದುದರಿಂದ ನಳಿಗೆ ದಪ್ಪನಾಗಿ ತೋರುವುದು. ಉದ್ಯಾನದ ತೋಪನ್ನು ಅಳೆದು ಹಡಗಿನ ಮೇಲೆ ಇಟ್ಟವನು ಎಷ್ಟು ನಿಖರವಾಗಿ ಅಳೆದರೂ ವ್ಯರ್ಥ. ಹಾಗೆಯೇ, ನಾಲ್ಕು ನಳಿಗೆಯ ಪೀಠಕ್ಕೆ ಹನ್ನೊಂದು ಮಂದಿ ಬೇಕಾಗಿದ್ದರೂ ಗುರಿ ಕಟ್ಟುವವನು ಅನೇಕವೇಳೆ ಅವರ ನಡುವೆ ಇರುತ್ತಲೇ ಇರಲಿಲ್ಲ. ತುಸು ದೂರದಲ್ಲಿ ಒಂದು ಸಣ್ಣ ಕಂಬದ ಮೇಲೆ ಡ್ರೇಪರ್ ಎಂಬ ವಿದ್ವಾಂಸರು ರಚಿಸಿದ ಗುರಿಯಂತ್ರವನ್ನು ಹಿಡಿದು ನಿಂತವನೊಬ್ಬನು ವಿದ್ಯುತ್ತಿನ ಮೂಲಕ ಪೀಠವನ್ನು ನಡೆಸುತ್ತಿದ್ದನು. ಪೀಠವನ್ನು ಮಾಡಿ ಆ ಕಂಬವನ್ನು ಮರೆತ ಪ್ರತಿಕೃತಿಗಳು ಅಸಂಖ್ಯಾತ.

ಸ್ವಿಟ್ಜರ್ಲೆಂಡಿನ ಮೂಲದ ಓರ್ಲಿಕಾನ್ ತೋಪು ೨೦ ಮಿಲಿಮೀಟರಿನದು. ಇದಕ್ಕೆ ವಿದ್ಯುತ್ತೂ ಇಲ್ಲ, ಯಂತ್ರಬಲವೂ ಇಲ್ಲ. ತೋಪುಗಾರನು ಭುಜದಾಸರೆಗೆ ಮೈಯನ್ನು ಪಟ್ಟಿಯಿಂದ ಬಿಗಿದುಕೊಂಡು ತಾನೇ ತೋಪಿನೊಡನೆ ಸುತ್ತುವನು. ವಿಮಾನ ನೆತ್ತಿಯ ಮೇಲೆ ಬಂದಾಗ ಅವನು ಮಂಡಿಯೂರಬೇಕಾಗದಂತೆ ಮೊದಲಿನ ಒಂದು ಪೀಠದಲ್ಲಿ ಕಂಬವನ್ನೇ ಚಕ್ರದಿಂದ ಎತ್ತುವ ಏರ್ಪಾಡಿತ್ತು. ಬಳಿಕ ಬಂದ ಹಗುರವಾದ ಪೀಠದಲ್ಲಿ ಇದನ್ನು ಬಿಟ್ಟರು. ಕಂಬದ ಮೇಲೆ ಆ ಚಕ್ರವಿದೆಯೇ ಇಲ್ಲವೇ ಎಂಬುದರಿಂದಲೇ ಬಲ್ಲವರು ಕಾಲವನ್ನು ಊಹಿಸುವರು.

ಹಾಗಾದರೆ ನಂಬತಕ್ಕ ಸಾಕ್ಷ್ಯ ಯಾವುದು? ನೌಕಾಪಡೆಯ ಕೈಪಿಡಿಗಳೂ ಹಡಗುಗಳ ನಕ್ಷೆಗಳೂ ಇಂದು ಬಹುಮಟ್ಟಿಗೆ ಸಾರ್ವಜನಿಕರಿಗೆ ದೊರೆಯುವುವು. ಆದರೆ ನಕ್ಷೆ ಹೇಳುವುದು ಏನು ಮಾಡಬೇಕೆಂದಿದ್ದರು ಎಂಬುದನ್ನು. ಏನು ಮಾಡಿದರು ಎಂಬುದನ್ನಲ್ಲ. ಸರ್ಕಾರಿ ಕಾಗದಗಳ ನಡುವೆ ಬಾಳಿದ ನಮ್ಮ ವಾಚಕರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಛಾಯಾಚಿತ್ರವೇ ಮೇಲು, ಅದಕ್ಕೂ ಎಚ್ಚರ ಬೇಕು. ಚಿತ್ರದಡಿಯಲ್ಲಿ ಅಚ್ಚಾದ ತಾರೀಖು ಚಿತ್ರ ತೆಗೆದ ದಿನದ್ದೋ, ಪತ್ರಿಕೆಗಳಿಗೆ ಹಂಚಿದ ದಿನದ್ದೋ ಎಂಬುದನ್ನು ವಿಚಾರಿಸದೆ ನಂಬಬಾರದೆಂದು ಪತ್ರಿಕೆ ನಡೆಸುವ ನಾವು ಬಲ್ಲೆವು. ಯುದ್ಧಕಾಲದ ಪರಿಶೋಧಕರು ರೇಡಾರುಗಳನ್ನು ಚಿತ್ರದಿಂದ ಅಳಿಸಿಹಾಕುತ್ತಿದ್ದುದೂ ಉಂಟು. ಇವೆಲ್ಲಕ್ಕಿಂತ ಬೆಲೆಯುಳ್ಳವು ಹಡಗುಕಟ್ಟೆಗಳವರು ತಮ್ಮ ಕೆಲಸದ ದಾಖಲೆಗಾಗಿಯೇ ತೆಗೆದ ಚಿತ್ರಗಳು. ಕ್ಯಾಲಿಫೋರ್ನಿಯದ ಮೇರ್ ಐಲೆಂಡ್ ಹಡಗುಕಟ್ಟೆಯವರು ರಿಪೇರಿ ಮುಗಿದ ಹಡಗಿನ ಚಿತ್ರ ತೆಗೆದು, ಹೊಸದಾಗಿ ಬದಲಾದ ಭಾಗಗಳ ಸುತ್ತ ಬಿಳಿಯ ಬಳೆಗಳನ್ನು ಬರೆದಿಡುತ್ತಿದ್ದರು. ಯಾರೋ ಗುಮಾಸ್ತನು ಎಳೆದ ಆ ಬಳೆಗಳು ಎಪ್ಪತ್ತೆಂಬತ್ತು ವರ್ಷಗಳ ತರುವಾಯ ಎಷ್ಟೋ ವಾದಗಳನ್ನು ಮುಗಿಸಿವೆ. ಚಿತ್ರದಿಂದ ಅಳತೆ ತೆಗೆಯಬೇಕಾದಾಗ, ಅಳತೆ ಗೊತ್ತಿರುವ ವಸ್ತುವೊಂದನ್ನು ಅದರಲ್ಲಿಯೇ ಹುಡುಕುವರು. ಬೋಫೋರ್ಸ್ ಗುಂಡಿನ ಹಿತ್ತಾಳೆಯ ತೋಟೆ ೩೧೧ ಮಿಲಿಮೀಟರು ಉದ್ದವೆಂಬುದು ಗೊತ್ತಿರುವುದರಿಂದ, ಪೀಠದ ಬಳಿ ಬಿದ್ದ ಒಂದು ಬರಿದಾದ ತೋಟೆಯೂ ಅಳತೆಗೋಲಾಗುವುದು.

ಉಳಿದಿರುವ ಹಡಗನ್ನೇ ಹೋಗಿ ನೋಡಬಾರದೇಕೆ ಎಂದು ಕೇಳಬಹುದು. ನೋಡಬಹುದು, ಆದರೆ ಜೀರ್ಣೋದ್ಧಾರವಾದ ದೇವಾಲಯವನ್ನು ನೋಡಿ ಮೂಲ ಕಟ್ಟಡದ ಕಾಲವನ್ನು ನಿರ್ಣಯಿಸಿದಂತೆ ಆಗಬಾರದು. ಲಂಡನ್ನಿನ ಥೇಮ್ಸ್ ನದಿಯಲ್ಲಿ ನಿಂತಿರುವ ಬೆಲ್‌ಫಾಸ್ಟ್ ಎಂಬ ಕ್ರೂಸರು ೧೯೪೩ರ ಡಿಸೆಂಬರ್ ೨೬ರಂದು ನಾರ್ವೆಯ ಉತ್ತರ ತುದಿಯಾಚೆಯ ಸಮುದ್ರದಲ್ಲಿ ಜರ್ಮನರ ಶಾರ್ನ್‌ಹೋರ್ಸ್ಟ್ ಮುಳುಗಿದ ಕಾಳಗದಲ್ಲಿ ಇದ್ದಿತು. ಆಗ ಅದರ ಮೇಲೆ ಎಂಟೆಂಟು ನಳಿಗೆಯ ಪಾಂಪಾಂ ಪೀಠಗಳಿದ್ದವು. ೧೯೫೬ರಿಂದ ೧೯೫೯ರವರೆಗೆ ನಡೆದ ನವೀಕರಣದಲ್ಲಿ ಬೋಫೋರ್ಸ್ ಜೋಡಿ ಪೀಠಗಳಾರು ಬಂದವು. ಇಂದು ಪ್ರೇಕ್ಷಕರು ಮುಟ್ಟಿ ನೋಡುವುದು ಇವನ್ನು.

ಅಮೆರಿಕದ ಬ್ಯಾಟನ್ ರೂಜ್ ನಗರದಲ್ಲಿರುವ ಕಿಡ್ ಎಂಬ ಡಿಸ್ಟ್ರಾಯರು ಇನ್ನೂ ಸೂಕ್ಷ್ಮವಾದ ಉದಾಹರಣೆ. ಅದನ್ನು ಕಾಪಾಡಿರುವವರು ೧೯೪೫ರ ಆಗಸ್ಟಿನ ಸ್ಥಿತಿಗೆ ಅತಿ ಶ್ರದ್ಧೆಯಿಂದ ತಂದಿರುವರು. ಅವರ ಕೆಲಸದಲ್ಲಿ ದೋಷವೆಣಿಸುವಂತಿಲ್ಲ. ಆದರೆ ಆ ಹಡಗಿನ ಚರಿತ್ರೆಯಲ್ಲಿ ಮರೆಯಲಾಗದ ದಿನ ಅದೇ ವರ್ಷದ ಏಪ್ರಿಲ್ ೧೧. ಅಂದು ಓಕಿನಾವಾದ ಬಳಿ ಜಪಾನೀಯರ ಆತ್ಮಾಹುತಿ ವಿಮಾನವೊಂದು ಬಂದು ಹೊಡೆಯಿತು. ೩೮ ಮಂದಿ ಮಡಿದರು, ೫೫ ಮಂದಿ ಗಾಯಗೊಂಡರು. ಆ ಬೆಳಿಗ್ಗೆ ಹಡಗಿನ ಮೇಲಿದ್ದುದು ಬೋಫೋರ್ಸ್ ಜೋಡಿ ಪೀಠಗಳೈದು, ಅಂದರೆ ಹತ್ತು ನಳಿಗೆ. ಏಟು ತಿಂದು ರಿಪೇರಿಗೆ ಹೋದ ಮೇಲೆಯೇ ನಡುಭಾಗದ ಎರಡು ಜೋಡಿ ಪೀಠಗಳನ್ನು ತೆಗೆದು ನಾಲ್ಕು ನಳಿಗೆಯ ಪೀಠಗಳೆರಡನ್ನು ಇಟ್ಟರು, ನಳಿಗೆ ಹದಿನಾಲ್ಕಾಯಿತು. ಮಡಿದವರ ನೆನಪಿಗೆಂದು ಪ್ರತಿಕೃತಿ ಮಾಡುವವನು ಇಂದಿನ ಹಡಗನ್ನು ನೋಡಿ ಮಾಡಿದರೆ, ಅವರ ಕೈಯಲ್ಲಿ ಇಲ್ಲದ ನಾಲ್ಕು ತೋಪುಗಳನ್ನು ಅವರಿಗೆ ಕೊಟ್ಟಂತಾಯಿತು. ಇಷ್ಟಿದ್ದೂ ಸತ್ತರೇ ಎಂದು ನೋಡುವವನು ಕೇಳಿದರೆ ಏನು ಉತ್ತರ?

ಇಷ್ಟೆಲ್ಲ ಸೂಕ್ಷ್ಮ ಕಣ್ಣಿಗೆ ಕಾಣುವುದೇ ಎಂಬ ಆಕ್ಷೇಪಣೆಯಲ್ಲಿ ಹುರುಳಿಲ್ಲದೆ ಇಲ್ಲ. ಬೋಫೋರ್ಸ್ ನಳಿಗೆಯ ಉದ್ದ ೨೨೫೦ ಮಿಲಿಮೀಟರು. ಮುನ್ನೂರೈವತ್ತರಲ್ಲೊಂದು ಪಾಲಿನ ಪ್ರತಿಕೃತಿಯಲ್ಲಿ ಅದು ಆರೂವರೆ ಮಿಲಿಮೀಟರಿಗೂ ಕಡಿಮೆ. ನಳಿಗೆಯ ರಂಧ್ರ ಮಿಲಿಮೀಟರಿನ ಹತ್ತನೆಯ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೆ. ಅದನ್ನು ಕೊರೆಯಹೋಗುವುದು ಹಟ. ಮೊಳೆಗಳನ್ನು ಎಣಿಸುತ್ತ ಕೂರುವವರ ಉತ್ಸಾಹವೂ ನಮಗೆ ಅಷ್ಟಾಗಿ ರುಚಿಸದು. ಎರಡು ನಳಿಗೆಯೋ ನಾಲ್ಕೋ, ಕವಚವುಂಟೋ ಇಲ್ಲವೋ, ಗುರಿಕಾರನ ಕಂಬ ಎಲ್ಲಿ ಎಂಬಿವು ಮಾತ್ರ ಕೋಣೆಯ ಆಚೆಯಿಂದಲೂ ಕಾಣುವುವು. ಏಪ್ರಿಲ್ ತಿಂಗಳ ಕಿಡ್ ಹಡಗನ್ನು ಜೋಡಿಸುವವನಿಗೆ ಜೋಡಿ ಪೀಠಗಳೈದು ಸಾಕು. ಪೆಟ್ಟಿಗೆಯಲ್ಲಿ ನಾಲ್ಕು ನಳಿಗೆಯವು ಬಂದಿದ್ದರೆ ಅವು ಅಲ್ಲಿಯೇ ಇರಲಿ.