ತೊಟ್ಟಿಲ ರಜೆಯ ರಾಜಕಾರಣ

ನಮ್ಮ ಕಡೆಯ ‘ಬಾಣಂತನ’ವೆಂಬ ಮಾತಿನಲ್ಲಿ ಎಣ್ಣೆನೀರು, ಪಥ್ಯ, ತಾಯಿಯ ಆರೈಕೆ ಎಲ್ಲವೂ ಅಡಗಿವೆ, ‘ಹೆರಿಗೆ ರಜೆ’ಯೆಂಬ ಕಚೇರಿಯ ಮಾತಿನಲ್ಲಿ ದಿನಗಳ ಲೆಕ್ಕ ಮಾತ್ರ. ಆ ಲೆಕ್ಕವನ್ನು ಸರಕಾರಗಳು ಏತಕ್ಕಾಗಿ ಹೆಚ್ಚಿಸುತ್ತವೆ? ಕರುಣೆಯಿಂದಲೇ ಎಂದರೆ ಅರ್ಧ ಸತ್ಯವಾದೀತು. ಖರ್ಚನ್ನು ಯಾರ ಹೆಗಲಿಗೆ ಹೊರಿಸಿದ್ದಾರೆಂಬುದನ್ನು ನೋಡಿದರೆ ಉದ್ದೇಶವೂ ತಕ್ಕಮಟ್ಟಿಗೆ ತಿಳಿಯುತ್ತದೆಂದು ನನ್ನ ಎಣಿಕೆ.

1928ರಲ್ಲಿ ಮುಂಬಯಿ ಪ್ರಾಂತ್ಯದ ಶಾಸನ ಪರಿಷತ್ತಿನಲ್ಲಿ ಕಾರ್ಖಾನೆಯ ಹೆಂಗಸರ ಹೆರಿಗೆ ಭತ್ಯದ ಮಸೂದೆ ಚರ್ಚೆಗೆ ಬಂದಿತು. ಡಾ. ಅಂಬೇಡ್ಕರರು ಅದನ್ನು ಬೆಂಬಲಿಸುತ್ತ, ಜನಹಿತ ಮುಖ್ಯವಾಗಿ ಸರಕಾರದ ಹೊಣೆಯಾದುದರಿಂದ ಈ ಹೊರೆಯ ದೊಡ್ಡ ಪಾಲನ್ನೂ ಸರಕಾರವೇ ಹೊರಬೇಕೆಂದು ವಾದಿಸಿದರು. ಮರುವರ್ಷ ಕಾಯ್ದೆಯೇನೋ ಆಯಿತು. ಹೊರೆ ಮಾಲೀಕರ ಮೇಲೆ ಬಿತ್ತು. 1961ರ ಕೇಂದ್ರ ಕಾಯ್ದೆಯೂ ಅದೇ ದಾರಿ ಹಿಡಿಯಿತು. 2017ರಲ್ಲಿ 12 ವಾರಗಳ ರಜೆ 26 ವಾರಗಳಿಗೆ ಏರಿದಾಗಲೂ, ಇ.ಎಸ್.ಐ. ವಿಮೆಗೆ ಒಳಪಡದ ಕಡೆಗಳಲ್ಲಿ ಸಂಬಳ ತೆರಬೇಕಾದವನು ಮಾಲೀಕನೇ. ಕೀರ್ತಿ ದೆಹಲಿಗೆ, ಖರ್ಚು ಮಣಿಪಾಲದ ಸಣ್ಣದೊಂದು ಅಚ್ಚುಕೂಟಕ್ಕೆ! ಅಂಥ ಮಾಲೀಕ ಹೊಸದಾಗಿ ಮದುವೆಯಾದವಳನ್ನು ಕೆಲಸಕ್ಕೆ ಸೇರಿಸಿಕೊಳ್ಳಲು ಹಿಂಜರಿದರೆ ಆಶ್ಚರ್ಯವಿಲ್ಲ. ಎರಡು ಮಕ್ಕಳಿದ್ದವಳಿಗಂತೂ ಮುಂದಿನ ಹೆರಿಗೆಗೆ 12 ವಾರವೇ ಉಳಿಯಿತು. ಮೂರನೆಯ ಹೆರಿಗೆಯ ದಣಿವು ಕಡಿಮೆಯೇ? ಅಲ್ಲಿ ಮಾತಾಡಿದ್ದು ವೈದ್ಯಶಾಸ್ತ್ರವಲ್ಲ, ಜನಸಂಖ್ಯೆಯ ನೀತಿ.

ನಮ್ಮ ರಾಜ್ಯದಲ್ಲಿ, ಸರಕಾರಿ ಮಹಿಳಾ ನೌಕರರಿಗೆ 6 ತಿಂಗಳ ಶಿಶುಪಾಲನಾ ರಜೆ ಕೊಡುವುದಾಗಿ ಯಡಿಯೂರಪ್ಪನವರು ಸಾರಿದ್ದು 2021ರ ಮಾರ್ಚ್ 8ರ ಬಜೆಟ್ಟಿನಲ್ಲಿ. ಅಂದು ಮಹಿಳಾ ದಿನ. ಖರ್ಚು ಸರಕಾರದ್ದೇ ಆದುದರಿಂದ ಇದನ್ನು ಮೆಚ್ಚಬೇಕು. ಆದರೆ ದೊರೆತದ್ದು ಸಂಘಟಿತವಾದ, ಸರಕಾರ ಎದುರು ಹಾಕಿಕೊಳ್ಳಲಾರದ ನೌಕರವರ್ಗಕ್ಕೆ. ಉಡುಪಿಯ ರಥಬೀದಿಯ ಅಂಗಡಿಯಲ್ಲಿ ದಿನವಿಡೀ ನಿಲ್ಲುವ ತಾಯಿಗೆ ಅದು ಅನ್ವಯಿಸದು.

ಕಾಪು, ಕಾರ್ಕಳಗಳ ಬೀಡಿ ಕಟ್ಟುವ ಹೆಂಗಸರನ್ನು ನೋಡಿ. ಮನೆಯ ಜಗಲಿಯಲ್ಲಿ ಗೆರಸೆ ಹಿಡಿದು ಕುಳಿತವಳೂ ಕಾರ್ಮಿಕಳೇ ಎಂದು 1966ರ ಬೀಡಿ ಕಾರ್ಮಿಕರ ಕಾಯ್ದೆ ಒಪ್ಪಿತು. ಹೆರಿಗೆ ಭತ್ಯದ ಹಕ್ಕನ್ನೂ ಕೊಟ್ಟಿತು. ಶಿಶುಪಾಲನೆಯ ಕೊಠಡಿಯನ್ನು ಮಾತ್ರ ಕಾರ್ಖಾನೆಯ ಕಟ್ಟಡಕ್ಕೆ ಮೀಸಲಿಟ್ಟಿತು. ದುಡಿಮೆ ಚದುರಿ ಮನೆಮನೆ ಸೇರಿದಲ್ಲಿ ಕೊಠಡಿ ಕಟ್ಟಿಸುವವರಾರು? ಒಂದು ಕಾಲಿನಿಂದ ತೊಟ್ಟಿಲು ತೂಗುತ್ತ ಅವಳು ಎಲೆ ಸುತ್ತಿದಳು.

ಮಗುವಿನ ಪಾಡು ಇದಾದರೆ ಮುದುಕರದು ಬೇರೆ. 2007ರಲ್ಲಿ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ ಬಂದಿತು. ಕಾರ್ಕಳದ ಮುದುಕಿಗೆ ಮುಂಬಯಿಯ ಮಗನಿಂದ ಅದು ಜೀವನಾಂಶ ಕೊಡಿಸಬಲ್ಲದು. ಆಗ ಗೊತ್ತುಮಾಡಿದ ಮಿತಿ ತಿಂಗಳಿಗೆ 10,000 ರೂಪಾಯಿ. ಅವಳು ಬಿದ್ದು ಸೊಂಟ ಮುರಿದುಕೊಂಡರೆ, ಮಗ ಬಂದು ಹತ್ತು ದಿನ ಮಣಿಪಾಲದ ಆಸ್ಪತ್ರೆಯಲ್ಲಿ ಜತೆಗಿರಲು ರಜೆ ಕೊಡಿಸುವ ವಿಧಿ ಅದರಲ್ಲಿಲ್ಲ. ಇದು ಬರಿಯ ಮರೆವೆಂದು ನಾನು ನಂಬಲಾರೆ. ಹಾಸಿಗೆಯ ಪಕ್ಕದ ದುಡಿಮೆ ಮನೆಯೊಳಗೇ ಉಳಿದರೆ ಬೊಕ್ಕಸಕ್ಕೆ ಖರ್ಚಿಲ್ಲ. ‘ನಮ್ಮ ಸಂಸ್ಕೃತಿ’ ಎಂದು ಹೊಗಳಿದರೆ ಕೇಳುವವರಿಗೂ ಹಿತ. ಮುದುಕಿಯ ಪಕ್ಕದಲ್ಲಿ ಕೂರುವವಳು ಊರಲ್ಲೇ ಉಳಿದ ಸೊಸೆ. ಆ ಹತ್ತು ದಿನ ಅವಳ ಗೆರಸೆ ಗೋಡೆಗೆ ಒರಗಿರುತ್ತದೆ, ಕಟ್ಟದ ಬೀಡಿಗೆ ಕೂಲಿಯಿಲ್ಲ.