ಐದು ಗುಂಡು, ಒಂದೇ ತೂತು

ನೂರು ಗಜ ಆಚೆಯ ಕಾಗದಕ್ಕೆ ಐದು ಗುಂಡು ಹೊಡೆಯಬೇಕು. ಹತ್ತಿರ ಹೋಗಿ ನೋಡಿದರೆ ಐದು ತೂತು ಕಾಣಬಾರದು, ಒಂದೇ ಕಾಣಬೇಕು. ಬೆಂಚ್‌ರೆಸ್ಟ್ ಶೂಟಿಂಗ್ ಎಂಬ ಸ್ಪರ್ಧೆಯ ಹಂಬಲ ಇದು. ಐದೂ ಗುಂಡು ಒಂದೇ ತೂತಿನಲ್ಲಿ ಹಾಯ್ದಿದ್ದರೆ, ಐದನ್ನೂ ನಿಜವಾಗಿ ಹೊಡೆದಿದ್ದಾರೆಂದು ತಿಳಿಯುವುದು ಹೇಗೆ? ಅದಕ್ಕಾಗಿ ಗುರಿಯ ಹಿಂದೆ ಇನ್ನೊಂದು ಕಾಗದದ ಪಟ್ಟಿ ನಿಧಾನವಾಗಿ ಸರಿಯುತ್ತಿರುತ್ತದೆ. ಮುಂದಿನ ಕಾಗದದಲ್ಲಿ ಒಂದೇ ತೂತಿದ್ದರೂ ಹಿಂದಿನ ಪಟ್ಟಿಯಲ್ಲಿ ಐದು ಬೇರೆ ಬೇರೆ ತೂತು ಬಿದ್ದಿರುತ್ತವೆ. ಇಂಥ ಏರ್ಪಾಡು ಬೇಕಾಗುವ ಮಟ್ಟದ ನಿಖರತೆ ಮನುಷ್ಯನಿಗೆ ಒಲಿದದ್ದರ ಹಿಂದೆ, ಕಿರುಬೆರಳಿಗಿಂತ ಗಿಡ್ಡವಾದ ಒಂದು ಹಿತ್ತಾಳೆ ಕೇಸಿನ ಕತೆಯಿದೆ.

ರೈಫಲ್ ಸ್ಪರ್ಧೆ ಎಂದೊಡನೆ ನಮಗೆ ನೆನಪಾಗುವುದು 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಅಭಿನವ್ ಬಿಂದ್ರಾ. ಅಲ್ಲಿ ಶೂಟರ್ ಎದ್ದು ನಿಂತು, ಉಸಿರು ಹಿಡಿದು, ಮೈಯ ಅಲುಗಾಟವನ್ನು ಗೆದ್ದು ಹೊಡೆಯಬೇಕು. ಬೆಂಚ್‌ರೆಸ್ಟ್‌ನಲ್ಲಿ ಹಾಗಿಲ್ಲ. ರೈಫಲ್ಲು ಗಟ್ಟಿ ಮೇಜಿನ ಮೇಲೆ, ಮುಂದೊಂದು ಆಧಾರ, ಹಿಂದೊಂದು ಮರಳಿನ ಚೀಲದ ಮೇಲೆ ಮಲಗಿರುತ್ತದೆ. ಮೈಯ ನಡುಕವನ್ನು ಹೀಗೆ ಹೊರಗಿಟ್ಟ ಮೇಲೆ ಉಳಿಯುವುದು ಮೂರೇ: ರೈಫಲ್, ತೋಟಾ, ಗಾಳಿ. ಗುರಿಯ ನಡುಮಧ್ಯಕ್ಕೇ ಬೀಳಬೇಕೆಂಬ ಕಟ್ಟೂ ಇಲ್ಲ. ಐದು ಗುಂಡುಗಳಲ್ಲಿ ಅತಿ ದೂರ ಬಿದ್ದ ಎರಡರ ನಡುವಿನ ಅಂತರವನ್ನು ಕೇಂದ್ರದಿಂದ ಕೇಂದ್ರಕ್ಕೆ ಅಳೆಯುತ್ತಾರೆ. ಹೀಗೆ ಐದು ಸಲ ಹೊಡೆದ ಐದು ಗುಂಪುಗಳ ಸರಾಸರಿಯೇ ಫಲಿತಾಂಶ. ಈಗ ಗೆಲ್ಲುವವರ ಸರಾಸರಿ ನೂರು ಗಜಕ್ಕೆ 0.2 ಇಂಚಿನ ಆಸುಪಾಸಿನಲ್ಲಿರುತ್ತದೆ, ಒಂದು ಅಕ್ಕಿಕಾಳಿನ ಉದ್ದಕ್ಕಿಂತಲೂ ಕಡಿಮೆ.

ಸಂಘಟಿತ ಸ್ಪರ್ಧೆಯಾಗಿ ಇದು ಬೆಳೆದದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ, ಅಮೆರಿಕದಲ್ಲಿ. 1947ರಲ್ಲಿ ನ್ಯೂಯಾರ್ಕ್ ರಾಜ್ಯದ ಜಾನ್ಸ್‌ಟೌನ್‌ನಲ್ಲಿ ಸೇರಿದ ಶೂಟರ್‌ಗಳಲ್ಲಿ ಹಾರ್ವಿ ಡೊನಾಲ್ಡ್‌ಸನ್ ಹಿರಿಯರು. ವಿಂಚೆಸ್ಟರ್ ಕಂಪನಿಯ .219 ಜಿಪ್ಪರ್ ಕೇಸನ್ನು ಮೊಟಕುಗೊಳಿಸಿ ಅವರು ಕಟ್ಟಿದ ‘.219 ಡೊನಾಲ್ಡ್‌ಸನ್ ವಾಸ್ಪ್’ ಆ ಕಾಲದ ಅಚ್ಚುಮೆಚ್ಚಿನ ತೋಟಾ. ಅಂಗಡಿಯಲ್ಲಿ ಸಿಗುವುದನ್ನು ಹಾಗೇ ಬಳಸದೆ, ಕತ್ತರಿಸಿ, ಕಿರಿದಾಗಿಸಿ, ಹಿಗ್ಗಿಸಿ ತಮ್ಮದೇ ತೋಟಾ ಮಾಡಿಕೊಳ್ಳುವ ಚಟ ಈ ಬಳಗಕ್ಕೆ ಮೊದಲಿನಿಂದಲೂ ಇತ್ತು. 1950ರಲ್ಲಿ ರೆಮಿಂಗ್ಟನ್ ಕಂಪನಿ .222 ರೆಮಿಂಗ್ಟನ್ ಎಂಬ ತೋಟಾ ತಂದಿತು. ಅದನ್ನು ರೂಪಿಸಿದ ಎಂಜಿನಿಯರ್ ಮೈಕ್ ವಾಕರ್ ತಾವೇ ಬೆಂಚ್‌ರೆಸ್ಟ್ ಶೂಟರ್. ಹಳೆಯ ಯಾವ ಕೇಸಿನಿಂದಲೂ ಹುಟ್ಟದ, ಹೊಸದಾಗಿಯೇ ಗೆರೆ ಎಳೆದು ಮಾಡಿದ ತೋಟಾ ಅದು. ಮುಂದಿನ ಕಾಲು ಶತಮಾನ ಬೆಂಚಿನ ಮೇಲೆ ಅದರದೇ ದರಬಾರು. ವಾಸ್ಪ್ ಮೂಲೆ ಸೇರಿತು. .222ಕ್ಕಿಂತ ಒಳ್ಳೆಯದು ಇರಬಹುದೆಂದು ಯೋಚಿಸುವ ಅಗತ್ಯವೇ ಹೆಚ್ಚಿನವರಿಗೆ ಕಾಣಲಿಲ್ಲ.

ಆ ಅಗತ್ಯ ಕಂಡವರು ಇಬ್ಬರು. ಒಬ್ಬರು ಡಾಕ್ಟರ್ ಲೂ ಪಾಲ್ಮಿಸಾನೊ, ವೃತ್ತಿಯಿಂದ ವೈದ್ಯರು. ಇನ್ನೊಬ್ಬರು ಫೆರಿಸ್ ಪಿಂಡೆಲ್, ಇಂಚಿನ ಹತ್ತು ಸಾವಿರದ ಒಂದು ಭಾಗವನ್ನು ಬೆರಳ ತುದಿಯಲ್ಲಿ ಬಲ್ಲ ಕಸುಬುದಾರ. ಗುಂಡು ಅಚ್ಚೊತ್ತುವ ಡೈಗಳನ್ನು ಮಾಡುವುದರಲ್ಲಿ ಎತ್ತಿದ ಕೈ. ಒಬ್ಬರದು ಪ್ರಶ್ನೆ ಕೇಳುವ ತಲೆ, ಇನ್ನೊಬ್ಬರದು ಕೇಳಿದ್ದನ್ನು ಲೋಹದಲ್ಲಿ ಮಾಡಿ ತೋರಿಸುವ ಕೈ. ಈ ಜೋಡಿ ಕೂಡದಿದ್ದರೆ, ಮುಂದೆ ಪಿಪಿಸಿ ಎಂದು ಹೆಸರಾದ ಅವರ ತೋಟಾ ಒಂದು ಚರ್ಚೆಯಾಗಿ ಮಾತ್ರ ಉಳಿಯುತ್ತಿತ್ತು ಎಂದು ನನಗೆ ಅನಿಸುತ್ತದೆ.

ಅವರ ಪ್ರಶ್ನೆ ಏನೆಂದು ತಿಳಿಯಲು ತೋಟಾದ ಒಳಗೆ ಇಣುಕಬೇಕು. ಹಿತ್ತಾಳೆಯ ಕೇಸ್, ಅದರ ಬುಡದಲ್ಲಿ ಪ್ರೈಮರ್, ಹೊಟ್ಟೆಯಲ್ಲಿ ಮದ್ದು, ಕತ್ತಿನಲ್ಲಿ ಕಚ್ಚಿಕೊಂಡ ಗುಂಡು, ಇಷ್ಟೇ ತೋಟಾ. ಕುದುರೆ ಎಳೆದಾಗ ಪಿನ್ನು ಪ್ರೈಮರಿಗೆ ಬಡಿಯುತ್ತದೆ. ಅದರ ಕಿಡಿ ಸಣ್ಣ ಕಿಂಡಿಯೊಂದರಿಂದ ಒಳನುಗ್ಗಿ ಮದ್ದಿಗೆ ಬೆಂಕಿ ಹಚ್ಚುತ್ತದೆ. ಮದ್ದು ಉರಿದು ಅನಿಲವಾಗಿ ಗುಂಡನ್ನು ನಳಿಗೆಯೊಳಗೆ ತಳ್ಳುತ್ತದೆ. ಆ ಹೊತ್ತಿಗೆ ನಳಿಗೆ ಬಾರಿಸಿದ ಲೋಹದ ಹಾಗೆ ಕಂಪಿಸುತ್ತಿರುತ್ತದೆ. ಗುಂಡು ನಳಿಗೆ ಬಿಡುವ ಕ್ಷಣದಲ್ಲಿ ಅದರ ಬಾಯಿ ಎತ್ತ ಮುಖ ಮಾಡಿತ್ತು ಎಂಬುದರ ಮೇಲೆ ಗುಂಡು ಎಲ್ಲಿ ಬೀಳುತ್ತದೆಂಬುದು ನಿಂತಿದೆ. ಐದು ಸಲವೂ ಮದ್ದು ಒಂದೇ ರೀತಿ ಹೊತ್ತಿ, ಒಂದೇ ರೀತಿ ಉರಿದರೆ ಗುಂಡುಗಳು ಒಂದೇ ವೇಗದಲ್ಲಿ, ಕಂಪನದ ಒಂದೇ ಘಟ್ಟದಲ್ಲಿ ಹೊರಬರುತ್ತವೆ. ಬೇಟೆಗಾರನಿಗೆ, ಸೈನಿಕನಿಗೆ ತೋಟಾದಿಂದ ಬೇಕಾದದ್ದು ಬಲ. ಬೆಂಚಿನವನಿಗೆ ಬೇಕಾದದ್ದು ಪುನರಾವರ್ತನೆ.

ಹಾಗಾದರೆ ಮದ್ದು ಒಂದೇ ಸಮ ಉರಿಯಲು ಕೇಸಿನ ಆಕಾರ ಹೇಗಿರಬೇಕು? .222ರ ಕೇಸ್ ಉದ್ದ, ತೆಳ್ಳಗೆ. ಸುಮಾರು 43 ಮಿಲಿಮೀಟರ್ ಉದ್ದ, ಬುಡದಲ್ಲಿ 9.5 ಮಿಲಿಮೀಟರ್ ದಪ್ಪ. ಅದರಲ್ಲಿ ಮದ್ದು ಉದ್ದನೆಯ ಕಂಬವಾಗಿ ನಿಲ್ಲುತ್ತದೆ. ಬುಡದಲ್ಲಿ ಹೊತ್ತಿದ ಬೆಂಕಿ ತುದಿಯವರೆಗೆ ದಾರಿ ಸವೆಸಬೇಕು. ಅಷ್ಟೇ ಮದ್ದನ್ನು ಗಿಡ್ಡ, ದಪ್ಪ ಕೇಸಿನಲ್ಲಿ ಇಟ್ಟರೆ ಕಿಡಿ ಹೆಚ್ಚಿನ ಪಾಲು ಮದ್ದನ್ನು ಒಮ್ಮೆಗೇ ತಾಕುತ್ತದೆ, ಉರಿ ಪ್ರತಿ ಸಲ ಒಂದೇ ಬಗೆಯಾಗುತ್ತದೆ. ಇದು ಅವರ ನಂಬಿಕೆ. ನಂಬಿಕೆ ಸರಿ, ಕೇಸ್ ಎಲ್ಲಿಂದ ತರುವುದು? ಹೊಸ ಕೇಸನ್ನು ಎರಕದಿಂದ ಶುರುಮಾಡಿ ತಯಾರಿಸುವುದು ಇಬ್ಬರು ಹವ್ಯಾಸಿಗಳಿಗೆ ಆಗದ ಮಾತು. ಅದಕ್ಕೆ ಕಾರ್ಖಾನೆಯೇ ಬೇಕು.

ಇಲ್ಲಿ ಕತೆ ಅಮೆರಿಕ ಬಿಟ್ಟು ಶೀತಲ ಸಮರದ ಆಚೆ ದಡಕ್ಕೆ ಹೋಗುತ್ತದೆ. ಸೋವಿಯತ್ ಒಕ್ಕೂಟ 1943ರಲ್ಲಿ ರೂಪಿಸಿದ 7.62×39 ತೋಟಾ, ಮುಂದೆ ಕಲಾಶ್ನಿಕೋವ್ ರೈಫಲ್ಲಿನಿಂದ ಲೋಕವೆಲ್ಲ ಹರಡಿತು. ಗಿಡ್ಡ, ದಪ್ಪ. ಕೆಸರು, ಧೂಳು, ಹಿಮ ಏನಿದ್ದರೂ, ತೋಟಾ ಕೂರುವ ಚೇಂಬರಿನಿಂದ ಸಲೀಸಾಗಿ ಹೊರಬರಲೆಂದು ಅದರ ಮೈ ಬುಡದಿಂದ ಮೇಲಕ್ಕೆ ಎದ್ದು ಕಾಣುವಷ್ಟು ಸಣ್ಣದಾಗುತ್ತ ಹೋಗುತ್ತದೆ. 1960ರ ದಶಕದ ಆರಂಭದಲ್ಲಿ ಸೋವಿಯತ್ತರು ಇದೇ ಕೇಸಿನ ಕತ್ತನ್ನು ಕಿರಿದು ಮಾಡಿ ಬೇಟೆಗೂ ಓಡುವ ಜಿಂಕೆಯ ಗುರಿ ಸ್ಪರ್ಧೆಗೂ ಚಿಕ್ಕ ಗುಂಡಿನ ತೋಟಾ ಮಾಡಿಕೊಂಡರು. ಪಶ್ಚಿಮದಲ್ಲಿ ಅದಕ್ಕೆ .220 ರಷ್ಯನ್ ಎಂಬ ಹೆಸರು ಬಿತ್ತು. ಸೋವಿಯತ್ತಿಗೆ ಅಂಟಿಕೊಂಡಿದ್ದ ಫಿನ್‌ಲೆಂಡಿನಲ್ಲಿ ಸಾಕೋ ಕಂಪನಿ ಈ ತೋಟಾಕ್ಕೆ ಕೇಸ್ ತಯಾರಿಸುತ್ತಿತ್ತು.

ಪಾಲ್ಮಿಸಾನೊ ಮತ್ತು ಪಿಂಡೆಲ್ ಕೈಗೆತ್ತಿಕೊಂಡದ್ದು ಈ ಫಿನ್ನಿಷ್ ಕೇಸನ್ನು. ಅದರಲ್ಲಿ ಅವರಿಗೆ ಬೇಕಾದ ದಪ್ಪ ಇತ್ತು, ಬುಡದಲ್ಲಿ 11 ಮಿಲಿಮೀಟರಿಗೂ ಸ್ವಲ್ಪ ಹೆಚ್ಚು. ಗೋಡೆಯ ದಪ್ಪ ಸುತ್ತಲೂ ಸಮನಾಗಿತ್ತು. ಪ್ರೈಮರಿನ ಗುಂಡಿ ಚಿಕ್ಕದು, ಅದಕ್ಕಿಂತ ಮುಖ್ಯವಾಗಿ ಕಿಡಿ ನುಗ್ಗುವ ಕಿಂಡಿಯೂ ಚಿಕ್ಕದು: ಸಾಮಾನ್ಯವಾಗಿ ಸುಮಾರು 2 ಮಿಲಿಮೀಟರ್ ಇರುವ ಕಡೆ ಇಲ್ಲಿ 1.5 ಮಿಲಿಮೀಟರ್. ದೊಡ್ಡ ಪ್ರೈಮರಿನ ಜೋರಾದ ಕಿಡಿ ಮದ್ದಿನ ಕಾಳುಗಳನ್ನೂ ಗುಂಡನ್ನೂ ಅಲುಗಿಸಿಬಿಡಬಹುದು; ಚಿಕ್ಕ ಕಿಡಿ ಮೃದುವಾಗಿ, ಪ್ರತಿ ಸಲ ಒಂದೇ ಅಳತೆಯಲ್ಲಿ ಹೊತ್ತಿಸುತ್ತದೆ ಎಂಬುದು ಲೆಕ್ಕ. ಶೋಧದ ಶ್ರೇಯಸ್ಸನ್ನು ಹಂಚುವಾಗ ಎಲ್ಲರೂ ಆ ಇಬ್ಬರ ಹೆಸರು ಹೇಳುತ್ತಾರೆ. ಹೇಳಲೇಬೇಕು. ಆದರೆ ಅಷ್ಟು ಶುದ್ಧವಾಗಿ ಹಿತ್ತಾಳೆ ಎಳೆದ ಫಿನ್‌ಲೆಂಡಿನ ಕೆಲಸಗಾರರ ಪಾಲನ್ನು ನಾನು ಚಿಕ್ಕದೆನ್ನಲಾರೆ.

1974-75ರಲ್ಲಿ ಅವರು ಮಾಡಿದ ಬದಲಾವಣೆಗಳು ನೋಡಲು ಸಣ್ಣವು. ಮೇಲಕ್ಕೆ ಸಣ್ಣದಾಗುತ್ತಿದ್ದ ಮೈಯನ್ನು ಬಹುಮಟ್ಟಿಗೆ ನೆಟ್ಟಗೆ ಮಾಡಿದರು. ಮೈಯಿಂದ ಕತ್ತಿಗೆ ಇಳಿಜಾರಾಗಿದ್ದ ಭುಜವನ್ನು 30 ಡಿಗ್ರಿಗೆ ಏರಿಸಿದರು. ಇದನ್ನು ಸುತ್ತಿಗೆಯಿಂದಲ್ಲ, ಬೆಂಕಿಯಿಂದಲೇ ಮಾಡುತ್ತಾರೆ. ಹೊಸ ಆಕಾರದ ಚೇಂಬರಿನಲ್ಲಿ ಹಳೆಯ ಆಕಾರದ ಕೇಸಿಟ್ಟು ಹೊಡೆದರೆ, ಒಳಗಿನ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಚೇಂಬರಿನ ಗೋಡೆಗೆ ಅಂಟಿ ಅದರದೇ ರೂಪ ತಾಳುತ್ತದೆ. ಕತ್ತಿನ ಹೊರಮೈಯನ್ನು ಹೆರೆದು ಸುತ್ತಲೂ ಒಂದೇ ದಪ್ಪ ಬರುವಂತೆ ಮಾಡುವುದು ಬೇರೆಯೇ ತಾಳ್ಮೆಯ ಕೆಲಸ. ಕತ್ತಿಗೂ ಚೇಂಬರಿಗೂ ನಡುವೆ ಇಂಚಿನ ಸಾವಿರದ ಒಂದೆರಡು ಭಾಗದಷ್ಟೇ ಸಂದು ಬಿಡುತ್ತಾರೆ. ಹೀಗೆ ಸಿದ್ಧವಾದ ಕೇಸಿನ ಉದ್ದ ಸುಮಾರು 38 ಮಿಲಿಮೀಟರ್. ಇಬ್ಬರ ಹೆಸರಿನ ಮೊದಲಕ್ಷರ ಮತ್ತು ಕಾರ್ಟ್ರಿಜ್‌ನ ಮೊದಲಕ್ಷರ ಸೇರಿ ಅದು ಪಿಪಿಸಿ ಆಯಿತು. ದಶಕಗಳ ಕಾಲ ಶೂಟರ್‌ಗಳು ಹೀಗೆಯೇ ಮಾಡಿಕೊಂಡರು. ಅವರು ಪಿಪಿಸಿ ಎಂದು ಕರೆಯುವ ಕೇಸಿನ ಬುಡದಲ್ಲಿ .220 ರಷ್ಯನ್ ಎಂಬ ಮುದ್ರೆ ಹಾಗೇ ಇರುತ್ತಿತ್ತು.

ಮೊದಲು ಬಂದದ್ದು .22 ಪಿಪಿಸಿ, ಬೆನ್ನಿಗೇ 6 ಮಿಲಿಮೀಟರಿನದು. ಎರಡನೆಯದಕ್ಕೆ ನಿಯಮಪುಸ್ತಕವೂ ಒಂದು ಕಾರಣ. ಸ್ಪೋರ್ಟರ್ ಎಂಬ ವಿಭಾಗದಲ್ಲಿ .22 ಗುಂಡಿಗೆ ಅವಕಾಶವಿಲ್ಲ, ಅದಕ್ಕಿಂತ ದಪ್ಪ ಗುಂಡೇ ಬೇಕು. ಅಲ್ಲಿ ಆಗ .222ರ ಅಣ್ಣನಂಥ ಮ್ಯಾಗ್ನಮ್ ಕೇಸಿನ ಕತ್ತು ಹಿಗ್ಗಿಸಿ ಮಾಡಿದ 6×47 ಓಡಾಡುತ್ತಿತ್ತು. ಆ ಕಟ್ಟಳೆಗೆಂದು ಬಂದ 6 ಪಿಪಿಸಿ, ಕಟ್ಟಳೆಯಿಲ್ಲದ ವಿಭಾಗಗಳಿಗೂ ನುಗ್ಗಿ ತನ್ನ .22 ಅಣ್ಣನನ್ನೇ ಹಿಂದೆ ಹಾಕಿತು. ಕಾರಣ ಗಾಳಿ. .222ಕ್ಕೆ ಬಳಸುವ ಗುಂಡು 50 ಗ್ರೇನಿನ ಚಿಲ್ಲರೆ ತೂಗಿದರೆ 6 ಮಿಲಿಮೀಟರಿನದು 65ರಿಂದ 68 ಗ್ರೇನ್ ತೂಗುತ್ತದೆ, ಎಂದರೆ ಸುಮಾರು 4.4 ಗ್ರಾಂ. ಎರಡು ಗ್ರಾಮಿಗೂ ಕಡಿಮೆ ಮದ್ದು ಅದನ್ನು ಸೆಕೆಂಡಿಗೆ ಸುಮಾರು 1000 ಮೀಟರ್ ವೇಗಕ್ಕೆ ಒಯ್ಯುತ್ತದೆ. ಗುಂಡನ್ನು ಪಕ್ಕಕ್ಕೆ ತಳ್ಳಲು ಗಾಳಿಗೆ ಹೆಚ್ಚು ಕಷ್ಟವಾಗುತ್ತದೆ, ಆದರೂ ಒದೆತ ರೈಫಲ್ಲನ್ನು ಮರಳಿನ ಚೀಲದಿಂದ ಜಿಗಿಸುವಷ್ಟಲ್ಲ.

ಹೊಸ ತೋಟಾಕ್ಕೆ ದಾರಿ ಸುಲಭವಾಗಿರಲಿಲ್ಲ. ತೋಟಾದ ಬುಡವನ್ನು ಹಿಡಿದುಕೊಳ್ಳುವ ಬೋಲ್ಟಿನ ಮುಖ ಒಂದೊಂದು ಜಾತಿಯ ತೋಟಾಕ್ಕೂ ಒಂದೊಂದು ಅಳತೆ. .222ಕ್ಕೆ ಮಾಡಿದ ಬೋಲ್ಟಿಗೆ ಪಿಪಿಸಿಯ ಬುಡ ದೊಡ್ಡದು, .308 ಎಂಬ ದೊಡ್ಡ ತೋಟಾದ ಬೋಲ್ಟಿಗೆ ಚಿಕ್ಕದು. ಎಂದರೆ ಪಿಪಿಸಿ ಬೇಕೆಂದವರು ನಳಿಗೆ ಬದಲಿಸಿದರೆ ಸಾಲದು, ಬೋಲ್ಟನ್ನೂ ಕೊರೆಸಬೇಕು ಅಥವಾ ಹೊಸದು ಮಾಡಿಸಬೇಕು. ಇಷ್ಟು ಖರ್ಚಿಗೆ ಯಾರೂ ಬರೀ ಸಿದ್ಧಾಂತ ನಂಬಿ ಇಳಿಯುವುದಿಲ್ಲ. ಇಳಿಸಿದ್ದು ಫಲಿತಾಂಶ ಪಟ್ಟಿ. 1970ರ ದಶಕದ ಕೊನೆಗೆ ಪಿಪಿಸಿ ಎದ್ದು ಕಾಣತೊಡಗಿತು, 80ರ ದಶಕ ಮುಗಿಯುವಷ್ಟರಲ್ಲಿ ನೂರು, ಇನ್ನೂರು ಗಜದ ಗುಂಪು ಸ್ಪರ್ಧೆಯಲ್ಲಿ ಅದರ ಎದುರು ಬೇರೆ ಹೆಸರೇ ಅಪರೂಪವಾಯಿತು. ಅಷ್ಟರಲ್ಲಿ ಸಾಕೋ ಕಂಪನಿಯೇ ಪಿಪಿಸಿ ರೈಫಲ್ಲನ್ನೂ ತೋಟಾವನ್ನೂ ಮಾರುಕಟ್ಟೆಗೆ ತಂದಿತ್ತು. ರೆಮಿಂಗ್ಟನ್ ಸುಮ್ಮನಿರಲಿಲ್ಲ; .308ರ ಕೇಸನ್ನು ಒಂದೂವರೆ ಇಂಚಿಗೆ ಗಿಡ್ಡ ಮಾಡಿದ ಬಿಆರ್ ಬಳಗದ ತೋಟಾಗಳನ್ನು ಮುಂದಿಟ್ಟಿತು. .222 ತಂದ ಮನೆಯೇ ಗಿಡ್ಡ ದಪ್ಪ ಕೇಸಿನ ದಾರಿ ಹಿಡಿದದ್ದು, ಆ ಇಬ್ಬರ ವಾದಕ್ಕೆ ಸಿಕ್ಕ ದೊಡ್ಡ ಮನ್ನಣೆ.

ಈ ಕತೆಯಲ್ಲಿ ನನ್ನನ್ನು ಹೆಚ್ಚು ಕಾಡುವ ಸಂಗತಿ ಬೇರೆ. ಗಿಡ್ಡ ಕೇಸಿನಲ್ಲಿ ಮದ್ದು ಸಮವಾಗಿ ಉರಿಯುತ್ತದೆ ಎಂಬುದೇ ಗೆಲುವಿನ ಕಾರಣವೆಂದು ಖಡಾಖಂಡಿತವಾಗಿ ಸಾಧಿಸುವುದು ಕಷ್ಟ. ಅದೇ ವರ್ಷಗಳಲ್ಲಿ ನಳಿಗೆಗಳು ಸುಧಾರಿಸಿದವು, ಕೈಯಲ್ಲಿ ಒತ್ತಿ ಮಾಡಿದ ಗುಂಡುಗಳು ಸುಧಾರಿಸಿದವು, ದೂರದರ್ಶಕಗಳು ಸುಧಾರಿಸಿದವು. ಇವುಗಳಲ್ಲಿ ಯಾವುದಕ್ಕೆ ಎಷ್ಟು ಪಾಲು ಎಂದು ಬಿಡಿಸಿ ತೂಗುವುದು ಹೇಗೆ? ಒಂದೇ ಒಂದು ಗುಂಪು ನೋಡಿ ತೀರ್ಮಾನಿಸಿದರೆ ಪಿಪಿಸಿಯ ಪಕ್ಷ ಸೋಲುತ್ತದೆ ಕೂಡ. ನೂರು ಗಜದಲ್ಲಿ ಐದು ಗುಂಡಿನ ದಾಖಲೆಯನ್ನು ಮ್ಯಾಕ್ ಮೆಕ್‌ಮಿಲನ್ 1973ರಲ್ಲೇ, ಪಿಪಿಸಿ ಹುಟ್ಟುವ ಮೊದಲೇ, 0.009 ಇಂಚಿಗೆ ಇಳಿಸಿದ್ದರು. ಪಿಪಿಸಿ ಮೆರೆಯತೊಡಗಿದ ಮೇಲೂ ದಶಕಗಳ ಕಾಲ ಅದು ಮುರಿಯಲಿಲ್ಲ. ಹಾಗಾಗಿ ಪಿಪಿಸಿಯ ಸಾಕ್ಷ್ಯ ಇರುವುದು ದಾಖಲೆಯಲ್ಲಲ್ಲ, ಸರಾಸರಿಯಲ್ಲಿ. ಬೆಳಗಿನ ತಂಪಿನಲ್ಲಿ ಹೊಡೆದ ಗುಂಪು, ಬಿಸಿಲೇರಿದ ಮೇಲೆ ಹೊಡೆದ ಗುಂಪು, ಗಾಳಿಬಾವುಟಗಳು ದಿಕ್ಕು ತಪ್ಪಿಸಿದಾಗ ಹೊಡೆದ ಗುಂಪು, ಎಲ್ಲವೂ ಸೇರಿದ ಸರಾಸರಿ. ಶೂಟರ್‌ಗಳು ಹತ್ತಿಪ್ಪತ್ತು ಕೇಸ್‌ಗಳನ್ನೇ ಇಡೀ ದಿನ ಮತ್ತೆ ಮತ್ತೆ ತುಂಬುತ್ತಾರೆ. ಸೆಕೆ ಏರಿದಂತೆ ಮದ್ದನ್ನು ಗ್ರೇನಿನ ಹತ್ತರಲ್ಲಿ ಕೆಲವು ಭಾಗದಷ್ಟು ಹೆಚ್ಚುಕಡಿಮೆ ಮಾಡುತ್ತಾರೆ. ಆ ಸಣ್ಣ ತಿದ್ದುಪಡಿಗೆ ಪಿಪಿಸಿ ಓಗೊಡುತ್ತದೆ. ಸಾವಿರಾರು ಹಟಮಾರಿಗಳು ತಮ್ಮ ತಮ್ಮ ಹಣದಲ್ಲಿ, ಗೆಲ್ಲಲೇಬೇಕೆಂಬ ಆಸೆಯಲ್ಲಿ, ಸಿಕ್ಕಿದ್ದನ್ನೆಲ್ಲ ಹೊಡೆದು ನೋಡಿ ಕೊನೆಗೆ ಒಂದೇ ಕೇಸಿಗೆ ಬಂದು ನಿಂತರೆ, ಅದನ್ನು ಪ್ರಯೋಗಾಲಯದ ಫಲಿತಾಂಶಕ್ಕಿಂತ ಕಡಿಮೆಯೆಂದು ನಾನು ಎಣಿಸುವುದಿಲ್ಲ.

ಎಲ್ಲ ಬೆಂಚಿಗೂ ಇದೇ ಸರಿ ಎಂದಲ್ಲ. 300 ಮೀಟರ್, 600 ಗಜದಂಥ ದೂರಕ್ಕೆ ಹೋದರೆ ಭಾರದ, ನೀಳ ಗುಂಡು ಬೇಕು. ಅಲ್ಲಿ 6 ಮಿಲಿಮೀಟರ್ ಬಿಆರ್ ಮತ್ತು ಅದರ ಸಂತತಿಯ ಮಾತು ನಡೆಯುತ್ತದೆ. ಗುಂಪು ಅಳೆಯದೆ ವೃತ್ತಕ್ಕೆ ಅಂಕ ಕೊಡುವ ಸ್ಪರ್ಧೆಯಲ್ಲಿ ತೂತಿನ ಅಂಚು ವೃತ್ತದ ಗೆರೆ ಮುಟ್ಟಿದರೂ ಸಾಕು. ದಪ್ಪ ತೂತು ಮಾಡುವ 30 ಬಿಆರ್ ಅಲ್ಲಿ ಲಾಭದಾಯಕ. ಏನನ್ನು ಅಳೆಯುತ್ತಾರೆಂದು ತಿಳಿದ ಮೇಲೆಯೇ ಅಲ್ಲಿನವರು ತೋಟಾ ಆರಿಸುತ್ತಾರೆ.

ಮೆಕ್‌ಮಿಲನ್ ಅವರ ದಾಖಲೆ ಕೊನೆಗೆ ಮುರಿದದ್ದು 2013ರಲ್ಲಿ. ಮೈಕ್ ಸ್ಟಿನೆಟ್ 0.0077 ಇಂಚಿನ ಗುಂಪು ಹೊಡೆದರು. ಅವರ ತೋಟಾ ಪಿಪಿಸಿ ಅಲ್ಲ, .30 ಗುಂಡಿನ ‘30 ಸ್ಟೂವರ್ಟ್’ ಎಂಬ ಕೈಕಟ್ಟಿನ ತೋಟಾ. ಅದು ಹುಟ್ಟಿದ್ದು 6.5 ಗ್ರೆಂಡೆಲ್ ಕೇಸಿನಿಂದ. ಗ್ರೆಂಡೆಲ್ ರೂಪುಗೊಂಡದ್ದು ಪಿಪಿಸಿಯ ಕೇಸನ್ನು ಹಿಗ್ಗಿಸಿ. ಬುಡದ ಅಳತೆ ಮೂರಕ್ಕೂ ಒಂದೇ, 7.62×39ರದು.